ಹಗ್ಗವಿಲ್ಲದೆ ಕೊಂಡ ಹತ್ತು ಗುಂಟೆ

ನಮ್ಮ ಎದುರು ಮನೆಯ ತಮ್ಮಯ್ಯನವರು ಇಪ್ಪತ್ತೆರಡು ವರ್ಷ ದನದ ದಲ್ಲಾಳಿಯಾಗಿದ್ದರು. ಸಂತೆಬಾಚಹಳ್ಳಿ ಕಡೆಯಿಂದ ನಾಗಮಂಗಲದ ಗಡಿಯವರೆಗೆ ಯಾವ ಎತ್ತಿಗೆ ಎಷ್ಟು ಹಲ್ಲು, ಯಾವ ಹಸುವಿಗೆ ಎಲ್ಲಿ ಸುಳಿ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಎತ್ತಿನ ಬಾಯಿ ಬಿಡಿಸಿ ನೋಡಿದರೆ ಅದರ ವಯಸ್ಸಷ್ಟೇ ಅಲ್ಲ, ಅದರ ಯಜಮಾನನ ಕಷ್ಟವೂ ತಿಳಿದುಬಿಡುತ್ತಿತ್ತಂತೆ. ಇಷ್ಟು ಒಳ್ಳೆಯ ವಿದ್ಯೆಯನ್ನು ಬಿಡಲು ಅವರಿಗೆ ಒಂದು ಕಾರಣ ಬೇಕಾಗಿತ್ತು. ಅದು ೧೯೯೫ರ ಜನವರಿಯಲ್ಲಿ ಸ್ಕೂಟರಿನ ಮೇಲೆ ಬಂತು.

ಸ್ಕೂಟರಿನವರ ಹೆಸರು ಮಹದೇವಸ್ವಾಮಿ. ಶ್ರೀರಂಗಪಟ್ಟಣದಲ್ಲಿ ಸೈಟು ಮಾರಿಸುವ ಕೆಲಸ. ಕೈಯಲ್ಲಿ ಕಂದು ಬಣ್ಣದ ಸೂಟ್‌ಕೇಸು. ಅದರೊಳಗೆ ಏನಿತ್ತೆಂದು ನೋಡಿದವರು ನನಗೆ ಇದುವರೆಗೂ ಸಿಕ್ಕಿಲ್ಲ.

"ಇನ್ನೆಷ್ಟು ದಿನ ದನ ಮಾರ್ತೀಯ ತಮ್ಮಯ್ಯ? ಊರ್ತುಂಬಾ ಟ್ರಾಕ್ಟರು ಬಂದ್ಬುಟ್ಟವೆ. ಈಗೇನಿದ್ರೂ ಸೈಟು ಕಣಯ್ಯಾ. ಸಗಣಿ ಆಕಲ್ಲ, ಮೇವು ಕೇಳಲ್ಲ, ಮನಗಿದ್ದಂಗೇ ರೇಟು ಏರ್ತದೆ."

"ಅದ್ಕೂ ದಲ್ಲಾಳಿ ಬೇಕಾ ಸ್ವಾಮಿ?"

"ದಲ್ಲಾಳಿ ಅನ್ಬ್ಯಾಡ, ಏಜೆಂಟು ಅನ್ನು. ದಲ್ಲಾಳಿ ನಿಂತ್ಕಂಡು ಯಾಪಾರ ಮಾಡ್ತಾನೆ. ಏಜೆಂಟ್ಗೆ ಕುರ್ಚಿ ಆಕ್ತಾರೆ."

ಕುರ್ಚಿಯ ಮಾತು ನಾಟಿತು. ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ನಿಂತ ಕಾಲುಗಳು ಆ ರಾತ್ರಿಯೇ ತೀರ್ಮಾನ ಮಾಡಿದವು. ಕುರ್ಚಿ ಇಡಲು ಆಫೀಸು ಬೇಕು. ಮನೆಯಲ್ಲಿ ಇದ್ದ ಒಂದೇ ಹೆಚ್ಚುವರಿ ಜಾಗ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಅವರ ಹೆಂಡತಿ ಪುಟ್ಟಗೌರಮ್ಮನವರ ಎರಡು ಹಸುಗಳಿದ್ದವು. ಇಲ್ಲಿ ಒಂದು ಸಣ್ಣ ವಿಷಯ ಬರೆಯದಿದ್ದರೆ ತಪ್ಪಾಗುತ್ತದೆ: ಸಂತೆಯಿಲ್ಲದ ವಾರಗಳಲ್ಲಿ ಆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಹಸುಗಳ ಹಾಲಿನಿಂದ. ತಮ್ಮಯ್ಯನವರು ಈ ಸಣ್ಣ ವಿಷಯವನ್ನು ದೊಡ್ಡ ಮನಸ್ಸಿನಿಂದ ಮರೆತರು.

"ಎರಡು ಅಸ ಕೊಡು ಗೌರೀ. ದೀಪಾವಳಿಗೆ ನಾಕು ಅಸ ತಂದು ಕಟ್ತೀನಿ."

"ಭೂಮಿ ಆಲು ಕರೀತದಾ?"

"ಆಲಲ್ಲ ಕಣಮ್ಮಿ, ಬೆಣ್ಣೇನೇ ಕರೀತದೆ."

ಹಸುಗಳು ಹೋದವು. ಪುಟ್ಟಗೌರಮ್ಮ ಮಾಮೂಲಿನಂತೆ ಹಳೆಯ ಹಗ್ಗಗಳನ್ನು ಬಿಚ್ಚಿಕೊಂಡು ಅಟ್ಟದ ಮೇಲಿಟ್ಟರು. ದನ ಮಾರಿದವರು ಹಗ್ಗ ಕೊಡುವುದಿಲ್ಲ. ಕೊಂಡವರೇ ಹೊಸ ಹಗ್ಗ ತರಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಕೊಟ್ಟಿಗೆಗೆ ಸುಣ್ಣ ಹೊಡೆಸಿದರು. ಮೇವು ಹಾಕುವ ಗೋದಲಿ ಕಾಗದಪತ್ರ ಇಡುವ ಜಾಗವಾಯಿತು. ಬಾಗಿಲ ಮೇಲೆ 'ಶ್ರೀ ಬಸವೇಶ್ವರ ರಿಯಲ್ ಎಸ್ಟೇಟ್ ಏಜೆನ್ಸಿ' ಎಂಬ ಬೋರ್ಡು ಬಂತು. ಒಂದು ಸೆಕೆಂಡ್ ಹ್ಯಾಂಡ್ ಮೊಪೆಡ್ಡೂ ಬಂತು. ಸಗಣಿಯ ವಾಸನೆ ಮಾತ್ರ ಹೋಗಲಿಲ್ಲ. ಅದು ಹಳೆಯ ಬಾಡಿಗೆದಾರ, ಬಿಡಿಸುವುದು ಕಷ್ಟ.

ಮೊದಲ ಗಿರಾಕಿ ನಾಗಮಂಗಲದ ಸಿದ್ದರಾಜು ಮೇಷ್ಟ್ರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಒಂದು ಸೈಟು ಹುಡುಕುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಮಹದೇವಸ್ವಾಮಿಯವರು ತೋರಿಸಿದ ಸೈಟಿನ ಸುತ್ತ ತಮ್ಮಯ್ಯನವರು ಎರಡು ಸುತ್ತು ಬಂದು, ನಾಲ್ಕು ಮೂಲೆ ನೋಡಿ, ಹಿಮ್ಮಡಿಯಿಂದ ನೆಲಕ್ಕೊಂದು ಗುದ್ದು ಕೊಟ್ಟರು. ಬೆನ್ನು ತಟ್ಟಲು ಸೈಟಿಗೆ ಬೆನ್ನಿರಲಿಲ್ಲ. ಆಮೇಲೆ ದನದ ಸಂತೆಯ ಅಭ್ಯಾಸಬಲದಿಂದ ಹೆಗಲ ಟವೆಲನ್ನು ಮೇಷ್ಟ್ರ ಕೈಮೇಲೆ ಹಾಕಿ, ಅದರ ಮರೆಯಲ್ಲಿ ಅವರ ಬೆರಳುಗಳನ್ನು ಹಿಡಿದರು.

"ಏನ್ರೀ ಇದು! ಬಿಡ್ರೀ ಕೈ!"

"ರೇಟು ಸಾ, ರೇಟು. ನಾಕು ಜನಕ್ಕೆ ಗೊತ್ತಾಗ್ಬಾರ್ದು ಅಂತ."

"ಇಲ್ಲಿ ಇರೋದೇ ಮೂರು ಜನ ಕಣ್ರೀ!"

ವ್ಯಾಪಾರ ಆಗಲಿಲ್ಲ. ಆದರೆ ಕೈ ಬಿಡಿಸಿಕೊಂಡು ಹೋದ ಮೇಷ್ಟ್ರು, ಪಾಂಡವಪುರದ ಕಡೆ ಕಡಿಮೆ ರೇಟಿನದು ಬಂದರೆ ಹೇಳಿ ಎಂದರು. ತಮ್ಮಯ್ಯನವರಿಗೆ ಅಷ್ಟೇ ಸಾಕಾಯಿತು. ಬೇರೆಯವರ ಸೈಟು ಮಾರಿ ಎರಡು ಪರ್ಸೆಂಟು ತಗೊಳ್ಳುವುದಕ್ಕಿಂತ ತಾನೇ ಜಮೀನು ಕೊಂಡು, ತುಂಡು ಮಾಡಿ, ತಾನೇ ಮಾರಿದರೆ? ಮಹದೇವಸ್ವಾಮಿಯವರೂ ಹಾಗೆಯೇ ಹೇಳಿದರು. ಜಮೀನನ್ನೂ ಅವರೇ ತೋರಿಸಿದರು. ಎರಡು ಕಡೆಯಿಂದ ಕಮಿಷನ್ನನ್ನೂ ಅವರೇ ತಗೊಂಡರು. ಏಜೆಂಟು ಎಂದರೇನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಜಮೀನು ನಮ್ಮೂರಿಗೂ ಪಾಂಡವಪುರಕ್ಕೂ ನಡುವೆ ಡಾಂಬರು ರಸ್ತೆಯ ಕಡೆಗಿತ್ತು. ಮಾರುವವರು ಪಕ್ಕದೂರಿನ ಮರಿಯಯ್ಯ. ಮಾರ್ಚ್ ತಿಂಗಳು, ಕಬ್ಬು ಕಡಿದು ಫ್ಯಾಕ್ಟರಿಗೆ ಹೊಡೆದಾಗಿತ್ತು. ರಸ್ತೆಯಲ್ಲಿ ನಿಂತರೆ ಹೊಂಗೆ ಮರದಾಚೆಗೂ ನೆಲ ಬಟ್ಟಬಯಲು. ಮರಿಯಯ್ಯ ಕೋಲು ಚಾಚಿ, "ಆ ವೊಂಗೆ ಮರದಿಂದಾಚ್ಗೆ ಅತ್ತು ಗುಂಟೆ," ಎಂದರು. ಎಲ್ಲರೂ ಕಬ್ಬಿನ ಬುಡ ತುಳಿದುಕೊಂಡು ನೆಟ್ಟಗೆ ನಡೆದುಹೋದರು, ನೋಡಿದರು, ನೆಟ್ಟಗೆ ವಾಪಸು ಬಂದರು.

ತಮ್ಮಯ್ಯನವರು ಮೈಗಳ್ಳರಲ್ಲ. ಪಹಣಿ ನೋಡಿದರು. ಪಾಲುದಾರರು ಇದ್ದಾರಾ ಎಂದು ಕೇಳಿದರು. ಮಣ್ಣು ಮೂಸಿದರು. ರಿಜಿಸ್ಟ್ರೇಷನ್ ದಿನ ಪತ್ರ ಬರಹಗಾರ ಚೆಕ್ಕುಬಂದಿಯನ್ನು ಗಟ್ಟಿಯಾಗಿ ಓದಿದ: ಪೂರ್ವಕ್ಕೆ ಮರಿಯಯ್ಯನ ಜಮೀನು, ಪಶ್ಚಿಮಕ್ಕೆ ಮರಿಯಯ್ಯನ ಜಮೀನು, ಉತ್ತರಕ್ಕೆ ಮರಿಯಯ್ಯನ ಜಮೀನು, ದಕ್ಷಿಣಕ್ಕೆ ಮರಿಯಯ್ಯನ ಜಮೀನು. ಓದಿ, ಕನ್ನಡಕ ಕೆಳಗಿಳಿಸಿ, "ಸರಿಯಾಗೈತಾ ಯಜಮಾನ್ರೇ?" ಎಂದ.

"ಬಾಳ ಸರಿಯಾಗದೆ," ಎಂದರು ತಮ್ಮಯ್ಯನವರು. "ನಾಕು ಕಡೀಕೂ ಒಬ್ರೇಯ. ಜಗಳ ಅಂತ ಬಂದ್ರೆ ಒಬ್ರತ್ರ ಆಡುದ್ರೆ ಸಾಕು."

ದಾರಿ ಎಲ್ಲಿ ಎಂದು ಅವರು ಕೇಳಲಿಲ್ಲ. ಅವರನ್ನು ನಾನು ಇದಕ್ಕಾಗಿ ದಡ್ಡರೆನ್ನಲಾರೆ. ಇಪ್ಪತ್ತೆರಡು ವರ್ಷ ಅವರು ಮಾರಿಸಿದ ಸರಕು ನಾಲ್ಕು ಕಾಲಿನದು. ದುಡ್ಡು ಕೊಟ್ಟ ಮೇಲೆ ತಾನೇ ನಡೆದುಕೊಂಡು ಕೊಂಡವನ ಮನೆಗೆ ಹೋಗುತ್ತಿತ್ತು. ಭೂಮಿ ಇದ್ದಲ್ಲೇ ಇರುತ್ತದೆ, ಕೊಂಡವನೇ ಅಲ್ಲಿಗೆ ನಡೆಯಬೇಕು ಎಂಬ ಮಾತು ಅವರ ಅನುಭವದಲ್ಲಿ ಎಲ್ಲೂ ಇರಲಿಲ್ಲ.

ಆಫೀಸಿನಲ್ಲಿ ಕೂತು ಅವರೇ ನಕ್ಷೆ ಬರೆದರು. ಹತ್ತು ಗುಂಟೆಯಲ್ಲಿ ಮೂವತ್ತು ನಲವತ್ತರ ಎಂಟು ಸೈಟುಗಳು. ಆ ನಕ್ಷೆ ಈಗಲೂ ಇದೆ, ನಾನು ನೋಡಿದ್ದೇನೆ. ಒಂದನೇ ಸೈಟಿನಿಂದ ಎಂಟನೆಯದರವರೆಗೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಬೆಕ್ಕು ನುಸುಳಲೂ ರಸ್ತೆಯಿಲ್ಲ. ಮೂಲೆಯಲ್ಲಿ ಮಾತ್ರ 'ಪಾರ್ಕು' ಎಂದು ಬರೆದು ಒಂದು ಹೂವು ಬಿಡಿಸಿದ್ದಾರೆ.

ಮಳೆಗಾಲದಲ್ಲಿ ಸೈಟು ಕೊಳ್ಳಲು ಯಾರೂ ಬರುವುದಿಲ್ಲ ಎಂದು ಮಹದೇವಸ್ವಾಮಿಯವರು ಹೇಳಿದ್ದರಿಂದ ತಮ್ಮಯ್ಯನವರು ಕುರ್ಚಿಯಲ್ಲಿ ಕೂತು ಕಾದರು. ಅವರು ಕೂತಿದ್ದಾಗ ನಾಲೆಗೆ ನೀರು ಬಂತು. ಕಡಿದ ಕಬ್ಬಿನ ಬುಡದಿಂದ ಕೂಳೆ ಕಬ್ಬು ಎದ್ದಿತು. ಕಬ್ಬಿಗೆ ರಿಯಲ್ ಎಸ್ಟೇಟ್ ತಿಳಿಯದು, ಅದು ಬೆಳೆಯಿತು.

ಸೆಪ್ಟೆಂಬರಿನಲ್ಲಿ ಸಿದ್ದರಾಜು ಮೇಷ್ಟ್ರು ಹೆಂಡತಿಯನ್ನೂ ಕರೆದುಕೊಂಡು ನಾಗಮಂಗಲದಿಂದ ಬಸ್ಸಿನಲ್ಲಿ ಬಂದಿಳಿದರು. ತಮ್ಮಯ್ಯನವರು ಇಸ್ತ್ರಿ ಅಂಗಿ ಹಾಕಿಕೊಂಡು ರಸ್ತೆಯಲ್ಲಿ ಕಾಯುತ್ತಿದ್ದರು. ಮುಂದೆ ಆಳೆತ್ತರದ ಕಬ್ಬಿನ ಗೋಡೆ.

"ಸೈಟೆಲ್ಲಿ?"

"ಇದರಿಂದ್ಕೆ ಸಾ."

"ಇದು ಯಾರದು?"

"ಇದು ಬ್ಯಾರೇರ್ದು. ಇದರಿಂದ್ಕಿರೋದು ನಮ್ದು."

ಮೂವರೂ ಕಬ್ಬಿನ ಸಾಲಿನೊಳಗೆ ನುಗ್ಗಿದರು. ಮೇಷ್ಟ್ರ ಹೆಂಡತಿಯ ರೇಷ್ಮೆ ಸೀರೆಯ ಸೆರಗು ಕಬ್ಬಿನ ಗರಿಗೆ ಸಿಕ್ಕಿ ಹರಿಯಿತು. ಮೇಷ್ಟ್ರ ಚಪ್ಪಲಿ ಕೆಸರಲ್ಲಿ ಕೂತಿತು. ಆಗ ಒಳಗಿನಿಂದ ದನಿ ಬಂತು.

"ಯಾರ್ಲಾ ಅದು, ನನ್ ಕಬ್ಬೊಳಿಕ್ಕೆ ಅಂದಿ ನುಗ್ಗಿದಂಗೆ ನುಗ್ತಾ ಇರೋರು?"

"ನಾನು ಕಣಣ್ಣೋ, ತಮ್ಮಯ್ಯ. ನಮ್ ಲೇಔಟ್ಗೆ ಓಯ್ತಾ ಇವ್ನಿ."

ಮರಿಯಯ್ಯ ಕುಡುಗೋಲು ಹಿಡಿದು ಎದುರಿಗೆ ಬಂದರು. "ಓಗು, ಬ್ಯಾಡ ಅಂದೋರ್ಯಾರು? ನನ್ ಗದ್ದೆ ಮ್ಯಾಲೆ ಓಗ್ಬ್ಯಾಡ."

"ಇನ್ನೆಂಗ್ ಓಗ್ಲಿ? ಆರ್ಕಂಡ್ ಓಗ್ಲಾ?"

"ತಮ್ಮಯ್ಯ, ನೀನೇ ಏಳ್ಲಾ. ಇಪ್ಪತ್ತು ವರ್ಸ ದನದ ಯಾಪಾರ ಮಾಡಿದ್ದೀಯ. ದನ ಮಾರ್ದೋನು ಅಗ್ಗ ಕೊಡ್ತಾನಾ?"

"ಇಲ್ಲ ಮರಿಯಣ್ಣ, ಕೊಡಲ್ಲ."

"ಯಾಕ್ ಕೊಡಲ್ಲ?"

"ಅಗ್ಗ ಕೊಟ್ರೆ ಕೊಟ್ಟಿಗೆ ಲಕ್ಸ್ಮೀನೂ ಜೊತೇಲೇ ಒಂಟೋಯ್ತಾಳೆ ಅಂತವ."

"ಅಂಗೇಯ. ಜಮೀನು ಮಾರಿವ್ನಿ. ದಾರಿ ನನ್ ಅಗ್ಗ ಕಣ್ಲಾ, ಅದ ಮಾರಿಲ್ಲ."

ತಮ್ಮಯ್ಯನವರೇ ಸಾವಿರ ಸಲ ಎತ್ತಿ ಹಿಡಿದ ನ್ಯಾಯ ಅದು. ಮೇಷ್ಟ್ರು ಕೆಸರಿನಿಂದ ಚಪ್ಪಲಿ ಕಿತ್ತುಕೊಂಡು, "ನಮಗೆ ಸೈಟು ಬೇಕಾಗಿತ್ತು ತಮ್ಮಯ್ಯನವರೇ, ದ್ವೀಪ ಅಲ್ಲ," ಎಂದು ಹೇಳಿ, ಮುಂದಿನ ಬಸ್ಸಿಗೇ ಹೋದರು.

ಕೋರ್ಟಿಗೆ ಹೋದರೆ ದಾರಿ ಸಿಗುತ್ತದೆ ಎಂದು ಪತ್ರ ಬರಹಗಾರ ಧೈರ್ಯ ಹೇಳಿದ. ಎಷ್ಟು ದಿನಕ್ಕೆ ಎಂದು ಕೇಳಿದಾಗ, "ಮಕ್ಕಳಿದ್ದಾರಾ?" ಎಂದು ವಿಚಾರಿಸಿದ. ಮಹದೇವಸ್ವಾಮಿಯವರು ಇದು ಟೆಂಪರವರಿ ಪ್ರಾಬ್ಲಂ ಎಂದರು. ಮರಿಯಯ್ಯನ ಹಗ್ಗದ ಮಾತು ಮಾತ್ರ ಟೆಂಪರವರಿ ಆಗಲಿಲ್ಲ. ಅವರು ಅದನ್ನು ಟೀ ಅಂಗಡಿಯಲ್ಲಿ ಹದಿನೈದು ದಿನ ಹೇಳಿದರು. ಕೇಳಿದವರೆಲ್ಲ ತಲೆದೂಗಿದರು.

ದೀಪಾವಳಿ ಬಂತು. ನಾಲ್ಕು ಹಸು ಬರಲಿಲ್ಲ. ಹಬ್ಬದ ಪಾಯಸಕ್ಕೆ ಪುಟ್ಟಗೌರಮ್ಮ ನಮ್ಮ ಮನೆಗೆ ಚೊಂಬು ಹಿಡಿದು ಬಂದು ಅರ್ಧ ಸೇರು ಹಾಲು ತೆಗೆದುಕೊಂಡು ಹೋದರು. ಆ ಬೀದಿಗೆಲ್ಲ ಹಾಲು ಅಳೆದುಕೊಟ್ಟ ಕೈ ಅದು. ಮರುವಾರ ಅವರು ಕೆ.ಆರ್.ಪೇಟೆಯ ಸಂತೆಗೆ ಹೋಗಿ ಒಂದು ಹೊಸ ಹಗ್ಗ ತಂದರು.

"ಅಸಾನೇ ಇಲ್ಲ, ಅಗ್ಗ ಯಾಕಮ್ಮಿ?" ಎಂದರು ತಮ್ಮಯ್ಯನವರು.

"ಕುರ್ಚಿ ಬುಟ್ಟು ಏಳು. ಮರಿಯಣ್ಣನ ಮನೆತಾವ ಓಗ್ಬರವ."

ಮರಿಯಯ್ಯ ಜಗಲಿಯ ಮೇಲೆ ನಾಲ್ಕು ಜನರೊಂದಿಗೆ ಕೂತಿದ್ದರು. ಅವರ ಹೆಂಡತಿ ಚಿಕ್ಕಬೋರಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪುಟ್ಟಗೌರಮ್ಮ ಹೊಸ ಹಗ್ಗವನ್ನು ಜಗಲಿಯ ಮೇಲಿಟ್ಟರು.

"ಅಣ್ಣಯ್ಯ, ದಾರಿ ನಿನ್ ಅಗ್ಗ ಅಂದ್ಯಂತೆ. ನ್ಯಾಯವಾದ ಮಾತು. ನಾವು ಅದ ಕೇಳಕ್ಕೆ ಬಂದಿಲ್ಲ."

"ಇನ್ನೇನವ್ವ?"

"ದನ ಮಾರ್ದೋರು ಅಳೇ ಅಗ್ಗ ಯಾವಾಗ ಬಿಚ್ಕತಾರೆ?"

ಅವರೆಕಾಯಿಯಿಂದ ತಲೆಯೆತ್ತದೆ ಚಿಕ್ಕಬೋರಮ್ಮ ಹೇಳಿದರು: "ಕೊಂಡೋರು ಒಸಾ ಅಗ್ಗ ಕಟ್ಟಿದ್ ಮ್ಯಾಲೆ."

"ಕಟ್ಟೋಗಂಟ?"

"ಕಟ್ಟೋಗಂಟ ಬಿಚ್ಚಲ್ಲ ಕಣವ್ವ. ನಡುಸಂತೇಲಿ ದನವ ಬರೀ ಕುತ್ಗೇಲಿ ಬುಟ್ಟೋನ ಗಂಡ್ಸು ಅಂತಾರಾ?"

"ನಾವಿನ್ನೂ ಒಸಾ ಅಗ್ಗ ಕಟ್ಟಿಲ್ಲ ಅಣ್ಣಯ್ಯ," ಎಂದರು ಪುಟ್ಟಗೌರಮ್ಮ. "ನಮ್ ದಾರಿ ನಾವು ಮಾಡ್ಕಳೋಗಂಟ ನಿನ್ ಅಗ್ಗ ಇರ್ಲಿ. ನ್ಯಾಯ ನಿಂದೇ, ನೀನು ಅರ್ಧ ಏಳಿದ್ದೆ. ನಾನು ಮಿಕ್ಕರ್ಧ ಏಳಿವ್ನಿ."

ಜಗಲಿಯ ಮೇಲಿದ್ದವರೆಲ್ಲ ಟೀ ಅಂಗಡಿಯಲ್ಲಿ ತಲೆದೂಗಿದವರೇ. ಈಗಲೂ ತೂಗಿದರು, ಅವರಿಗೆ ಬೇರೆ ಕೆಲಸವಿರಲಿಲ್ಲ. ಮರಿಯಯ್ಯ ಎಲ್ಲರ ಮುಖ ನೋಡಿದರು, ಹೆಂಡತಿಯ ಮುಖ ನೋಡಲಿಲ್ಲ.

"ಸರಿ ಕಣವ್ವ. ಅಗ್ಗ ಇಡ್ಕಂಡು ಒಂದು ದನ ಓಡಾಡೋವಷ್ಟು. ಅದರ ಮ್ಯಾಲೆ ಒಂದ್ ಅಂಗ್ಲ ಕೇಳ್ಕೂಡದು."

ಅಳತೆಗೆ ಟೇಪು ತರಲಿಲ್ಲ. ಮರಿಯಯ್ಯ ತಮ್ಮ ಎತ್ತನ್ನೇ ಬಿಟ್ಟರು. ಅದನ್ನು ಹೊಸ ಹಗ್ಗದಲ್ಲಿ ಹಿಡಿದು ರಸ್ತೆಯಿಂದ ಹೊಂಗೆ ಮರದವರೆಗೆ ನಡೆಸಿದರು. ಎರಡು ಕಡೆ ಅದರ ಮೈ ತಾಗಿದಲ್ಲೆಲ್ಲ ಗೂಟ ಹೊಡೆದರು. ಇದ್ದ ಎರಡು ಎತ್ತುಗಳಲ್ಲಿ ಅವರು ಬಡಕಲನ್ನೇ ಆರಿಸಿದ್ದರು. ದನದ ದಲ್ಲಾಳಿಯ ಕಣ್ಣಿಗೆ ಅದು ಕಾಣದೆ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಆ ವರ್ಷ ಅವರು ಮಾಡಿದ ಒಂದೇ ಜಾಣ ವ್ಯವಹಾರ ಅದು. ಛಾಪಾಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಿದರು. ಆ ದಾರಿಯನ್ನು ನಾನು ಮೂರು ಕಡೆ ಅಳೆದಿದ್ದೇನೆ. ಅಗಲವಾದ ಕಡೆ ಮೂರು ಅಡಿ ನಾಲ್ಕು ಅಂಗುಲ, ಕಿರಿದಾದ ಕಡೆ ಮೂರು ಅಡಿಗೆ ಒಂದಂಗುಲ ಕಡಿಮೆ.

ಮೂರು ಅಡಿಯಲ್ಲಿ ಇಟ್ಟಿಗೆಯ ಟ್ರಾಕ್ಟರು ಹೋಗುವುದಿಲ್ಲ. ಟ್ರಾಕ್ಟರು ಹೋಗದ ಕಡೆ ಯಾವ ಮೇಷ್ಟ್ರೂ ಮನೆ ಕಟ್ಟಿಸುವುದಿಲ್ಲ. ತಮ್ಮಯ್ಯನವರು ಎರಡು ದಿನ ನಕ್ಷೆಯನ್ನು ನೋಡುತ್ತ ಕೂತರು. ಮೂರನೆಯ ದಿನ ಪುಟ್ಟಗೌರಮ್ಮ ಒಳಗೆ ಬಂದರು.

"ಕೊಟ್ಟಿಗೆ ಆಪೀಸಾಯ್ತು. ಅಂಗಾದ್ರೆ ಲೇಔಟು ಕೊಟ್ಟಿಗೆ ಆಗ್ಲಿ. ಮೊಪೆಡ್ಡು ಮಾರು."

ಮೊಪೆಡ್ಡಿನ ದುಡ್ಡಿಗೆ ಒಂದು ಹಸು ಬಂತು. ಚಿಕ್ಕಬೋರಮ್ಮ ಒಂದು ಕಡಸನ್ನು ಸಾಕಿ ಪಾಲು ಕೊಡುವ ಮಾತಿನ ಮೇಲೆ ಕಳಿಸಿಕೊಟ್ಟರು, ಗಂಡನನ್ನು ಕೇಳದೆ. ಬಿದಿರಿನ ಗಳು, ಸೂರಿಗೆ ಹೊದಿಸುವ ಸೋಗೆ ಎಲ್ಲವೂ ತಲೆಹೊರೆಯಲ್ಲಿ ಹೋದವು. ಶ್ರೀ ಬಸವೇಶ್ವರ ಲೇಔಟಿನ ಒಂದು ಮತ್ತು ಎರಡನೇ ಸೈಟುಗಳಲ್ಲಿ ಕೊಟ್ಟಿಗೆ ಎದ್ದಿತು. ಮೂರರಿಂದ ಎಂಟರವರೆಗೆ ಹಸಿರು ಮೇವು. ಉಳಿದ ಮೂಲೆಯಲ್ಲಿ ತಿಪ್ಪೆ. ನಕ್ಷೆಯ ಪ್ರಕಾರ ಪಾರ್ಕು ಬರಬೇಕಾದ ಮೂಲೆ ಅದೇ.

ಏಜೆನ್ಸಿ ಮುಚ್ಚಲಿಲ್ಲ. ಬೋರ್ಡು ಹಾಗೆಯೇ ಇದೆ, ತಮ್ಮಯ್ಯನವರು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಈಗ ಯಾರು ಜಮೀನು ಮಾರಿಸಿಕೊಡಿ ಎಂದು ಬಂದರೂ ಪಹಣಿ ಕೇಳುವ ಮೊದಲೇ "ದಾರಿ ಯಾವ ಕಡೀಗದೆ?" ಎನ್ನುತ್ತಾರೆ. ಹೋದ ವರ್ಷ ಸಿದ್ದರಾಜು ಮೇಷ್ಟ್ರಿಗೆ ಒಂದು ಸೈಟು ಕೊಡಿಸಿದರು, ಅದಕ್ಕೆ ಎರಡು ಕಡೆ ರಸ್ತೆ. ಮೇಷ್ಟ್ರು ಕೈಗಳನ್ನು ಕೊನೆಯವರೆಗೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರಂತೆ.

ಮರಿಯಯ್ಯ ದಿನಾ ಬೆಳಿಗ್ಗೆ ಚೊಂಬು ಹಿಡಿದು ಲೇಔಟಿಗೆ ಬರುತ್ತಾರೆ, ಹಾಲಿಗೆ. ಎರಡು ಕಡೆ ಕಬ್ಬು, ನಡುವೆ ಆ ಬಡಕಲು ಎತ್ತಿನ ದಾರಿ. ಈಗ ಅವರಿಗೆ ಹೊಟ್ಟೆ ಬಂದಿರುವುದರಿಂದ ಒಂದೆರಡು ಕಡೆ ಓರೆಯಾಗಿ ನಡೆಯಬೇಕಾಗುತ್ತದೆ. ಹಾಲು ಕರೆಯುತ್ತಿರುವ ಪುಟ್ಟಗೌರಮ್ಮ ಅಲ್ಲಿಂದಲೇ ಕೂಗುತ್ತಾರೆ:

"ನೋಡ್ಕಂಡು ಬಾ ಅಣ್ಣಯ್ಯೋ, ಗೂಟ ಕಿತ್ಗಿತ್ ಆಕೀಯ!"