ಮೊಣಕಾಲಿನ ಮೇಲಿನ ಕುದುರೆ

ನಮ್ಮ ತಂದೆ ಕುಷ್ಟಗಿಯಲ್ಲಿ ಎತ್ತಿಗೂ ಕುದುರೆಗೂ ಲಾಳ ಹೊಡೆಯುವ ನಾಲಬಂದ್ ಆಗಿದ್ದರು. ಯಲಬುರ್ಗಾದ ದಾರಿ ಊರು ಬಿಡುವಲ್ಲಿ ಒಂದು ಬೇವಿನ ಮರವಿತ್ತು. ಅದರ ಬುಡವೇ ಅವರ ಅಂಗಡಿ. ನಾವು ಅವರನ್ನು ಅಬ್ಬಾ ಎನ್ನುತ್ತಿದ್ದೆವು. ಮನೆಯೊಳಗೆ ನಮ್ಮದು ದಖ್ಖನಿ ಮಾತು, ಮರದ ಕೆಳಗೆ ಕನ್ನಡ. ಸಿಟ್ಟು ಬಂದರೆ ಮಾತ್ರ ಅಬ್ಬಾ ಮನೆಯೊಳಗೂ ಕನ್ನಡಕ್ಕೆ ಇಳಿಯುತ್ತಿದ್ದರು. ಅಮ್ಮಿ ಮುಖ ಊದಿಸಿದರೆ, "ಎತ್ತಿಗೆ ಬೈದು ಬೈದು ನಾಲಿಗಿ ಆ ಕಡೆನ ಹೊಳ್ಳೇತಿ, ಏನ್ ಮಾಡ್ಲಿ?" ಎಂದು ನೆವ ಹೇಳುತ್ತಿದ್ದರು.

ಎತ್ತಿಗೆ ಲಾಳ ಹೊಡೆಯುವುದು ಒಂದು ಕುಸ್ತಿ. ಹಗ್ಗ ಹಾಕಿ ಕೆಡವಬೇಕು, ನಾಲ್ಕೂ ಕಾಲು ಕಟ್ಟಬೇಕು, ಒಬ್ಬ ಕೋಡು ಒತ್ತಿ ಹಿಡಿದು ಕೂರಬೇಕು. ಕುದುರೆ ಹಾಗಲ್ಲ. ಮೂರು ಕಾಲಿನ ಮೇಲೆ ನಿಂತು, ನಾಲ್ಕನೆಯದನ್ನು ಅಬ್ಬಾನ ತೊಡೆಗೆ ಕೊಟ್ಟು, ಬಳೆ ಇಡಿಸಿಕೊಳ್ಳುವ ಮದುಮಗಳ ಹಾಗೆ ಬೇರೆ ಎಲ್ಲಿಯೋ ನೋಡುತ್ತದೆ. ನನಗೆ ಐದೋ ಆರೋ ವರ್ಷವಿದ್ದಾಗ ಆ ಠೀವಿಗೆ ಸೋತವಳು ಇವತ್ತಿಗೂ ಗೆದ್ದಿಲ್ಲ.

ಲಾಳ ಹೊಡೆದ ಮೇಲೆ ಕುದುರೆಯನ್ನು ನೂರು ಹೆಜ್ಜೆ ನಡೆಸಿ, ಕುಂಟುತ್ತದೆಯೋ ಎಂದು ನೋಡಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಹಗ್ಗ ಹಿಡಿದು ನಡೆಸಿದೆ. ಒಂಬತ್ತು ವರ್ಷದ ಹೊತ್ತಿಗೆ ಕಟ್ಟೆಯ ಮೇಲಿಂದ ಬೆನ್ನಿಗೆ ಜಿಗಿಯುವುದನ್ನು ಕಲಿತೆ. "ಅಬ್ಬಾ, ಹಿಂದಿನ ಎಡಗಾಲು ಸ್ವಲ್ಪ ಅನುಮಾನ" ಎಂದರೆ ಇನ್ನೊಂದು ಸುತ್ತು ಸಿಗುತ್ತಿತ್ತು. ಆ ವರ್ಷ ಕುಷ್ಟಗಿಗೆ ಬಂದ ಕುದುರೆಗಳಲ್ಲಿ ಅರ್ಧಕ್ಕರ್ಧ ನನ್ನ ಬಾಯಲ್ಲಿ ಅನುಮಾನದವೇ.

ಒಂದು ದಿನ ಯಲಬುರ್ಗಾ ದಾರಿಯ ಹಳ್ಳಿಯೊಂದರ ಗೌಡರು ತಮ್ಮ ಕೆಂಪು ಹೆಣ್ಣುಕುದುರೆಯನ್ನು ಬಿಟ್ಟು ಕಚೇರಿಗೆ ಹೋದರು. ಲಾಳವಾಯಿತು, ನಾನು ಏರಿದೆ. ಕುದುರೆ ನೂರು ಹೆಜ್ಜೆಗೆ ನಿಲ್ಲಲಿಲ್ಲ, ಇನ್ನೂರಕ್ಕೂ ನಿಲ್ಲಲಿಲ್ಲ. ಹಗ್ಗ ಎಳೆದೆ, ಬೈದೆ, ಅತ್ತೆ. ಅದು ಕಿವಿ ನೆಟ್ಟಗೆ ಮಾಡಿಕೊಂಡು, ಹಾಯಾಗಿ, ನಾಲ್ಕು ಮೈಲಿ ನಡೆದು ತನ್ನ ಮನೆಯ ಗೋದಲಿಯ ಮುಂದೆ ನಿಂತಿತು. ಗೌಡರ ಹೆಂಡತಿ ಕೈಯಲ್ಲಿ ಮೊರ ಹಿಡಿದು ಹೊರಗೆ ಬಂದರು.

"ಗೌಡ್ರು ಎಲ್ಲಿ ಅದಾರ? ನೀ ಯಾರವ್ವಾ?"

"ನಾಲಬಂದರ ಮಗಳ್ರಿ. ನಾಲ ಹ್ಯಾಂಗ ಕುಂತಾವ ನೋಡಾಕ ಬಂದೀನ್ರಿ."

"ಹ್ಯಾಂಗ ಕುಂತಾವ?"

"ಛಲೋ ಕುಂತಾವ್ರಿ."

ಆಯಮ್ಮ ನಕ್ಕು ನಕ್ಕು ಮೊರವನ್ನು ಕೆಳಗಿಟ್ಟರು. ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನಿಸಿ, ಬಂಡಿಯಲ್ಲಿ ಕೂರಿಸಿ, ಕುದುರೆಯನ್ನು ಹಿಂದೆ ಕಟ್ಟಿ ಕಳಿಸಿದರು. ಅರ್ಧ ದಾರಿಯಲ್ಲಿ ಗೌಡರು ಎದುರಾದರು. ಚಪ್ಪಲಿ ಕೈಯಲ್ಲಿತ್ತು, ರುಮಾಲು ಬಗಲಲ್ಲಿತ್ತು. ನಾನು ಬಂಡಿಯೊಳಗಿನ ಹುಲ್ಲಿನಲ್ಲಿ ಮುಖ ಹುದುಗಿಸಿಕೊಂಡೆ.

ಅಬ್ಬಾ ಹೊಡೆಯಲಿಲ್ಲ. ಅದು ಇನ್ನೂ ಹೆದರಿಕೆ.

"ಯಾಕ ತಿರುಗಿಸಲಿಲ್ಲ?" ಎಂದರು.

"ಅದು ತಿರುಗಲಿಲ್ಲ."

"ತಿರುಗಲಿಲ್ಲೋ, ತಿರುಗಿಸಾಕ ಬರಲಿಲ್ಲೋ?"

"ಬರಲಿಲ್ಲ."

"ಹಂಗಂದ್ರ ಕಲಿ. ನನಗ ಕುದುರಿ ಮೊಣಕಾಲತನಕ ಗೊತ್ತೈತಿ ಬೇಟಾ. ಮ್ಯಾಲಿಂದು ನೀನ ನೋಡ್ಕೋ."

ಅಂದೇ ನನಗೆ ತಿಳಿದದ್ದು: ಸಾವಿರಾರು ಕುದುರೆಗಳ ಕಾಲು ಹಿಡಿದ ನಮ್ಮ ಅಬ್ಬಾ ಒಂದರ ಬೆನ್ನನ್ನೂ ಏರಿರಲಿಲ್ಲ. ಅವರಿಗೆ ಎತ್ತರವೆಂದರೆ ಭಯ. ಮಾಳಿಗೆ ಹತ್ತಿದರೂ ಗೋಡೆ ಹಿಡಿದು ನಿಲ್ಲುವವರು.

ಹೀಗಾಗಿ ಮರದ ಕೆಳಗೆ ನಿಂತವರೆಲ್ಲ ನನ್ನ ಗುರುಗಳಾದರು. ಎಲ್ಲರಿಗಿಂತ ದೊಡ್ಡ ಗುರು ಒಬ್ಬ ಮುದುಕ ಬಳೆಗಾರ. ಸಣ್ಣ ತಟ್ಟು ಕುದುರೆಯ ಮೇಲೆ ಎರಡೂ ಕಡೆ ಬಳೆಯ ಮಲಾರ ಇಳಿಬಿಟ್ಟು ನಡುವೆ ತಾನು ಕೂತು ಊರೂರು ತಿರುಗುತ್ತಿದ್ದ. ಕಲ್ಲು ದಾರಿಯಲ್ಲಿ ಓಡಿಸಿದರೂ ಒಂದು ಗಾಜಿನ ಬಳೆಯೂ ಒಡೆಯುತ್ತಿರಲಿಲ್ಲ. ನಾನು ಮರದ ಹಲಗೆಯಂತೆ ಕೂತದ್ದನ್ನು ನೋಡಿ, "ನಡ ಸಡ್ಲ ಬಿಡವ್ವಾ. ನೀ ಬಿಗಿದ್ರ ಕುದುರಿನೂ ಬಿಗೀತೈತಿ, ಬಳಿ ಒಡೀತಾವ" ಎಂದ. ಮಲಾರವನ್ನು ನನ್ನ ಹೆಗಲಿಗೇ ಹಾಕಿ, ತಟ್ಟುವಿನ ಮೇಲೆ ಕೂರಿಸಿ ಹಳ್ಳದವರೆಗೆ ಓಡಿಸಿದ. ಮೊದಲ ದಿನ ಹದಿನಾಲ್ಕು ಬಳೆ ಹೋದವು. ಅಮ್ಮಿ ಅದಕ್ಕೆ ಬದಲಾಗಿ ಅವನಿಗೆ ಒಂದು ಕೌದಿ ಹೊಲಿದುಕೊಟ್ಟರು. ಎರಡು ತಿಂಗಳಿಗೆ ನನ್ನ ಸವಾರಿಯಲ್ಲಿ ಒಂದೂ ಒಡೆಯಲಿಲ್ಲ.

ಹದಿನಾರು ತುಂಬಿದಾಗ ನಮ್ಮೂರ ದವಾಖಾನೆಗೆ ಒಬ್ಬ ನರ್ಸಬಾಯಿ ಬಂದರು. ರಾಯಚೂರಿನವರು, ನಲವತ್ತರ ಹತ್ತಿರ ವಯಸ್ಸು, ತುಂಬಿದ ಮೈ, ಕನ್ನಡಕ. ಹಳ್ಳಿಹಳ್ಳಿಗೆ ಹೋಗಿ ಹೆರಿಗೆ ಮಾಡಿಸುವುದು ಅವರ ಕೆಲಸ. ಹೋಗಲಿಕ್ಕೆ ರಸ್ತೆ ಎಲ್ಲಿತ್ತು? ಸರ್ಕಾರ ಒಂದು ಮುದಿ ಬಿಳಿ ಕುದುರೆಯನ್ನು ಕೊಟ್ಟಿತ್ತು, ಅದನ್ನು ಏರುವ ಧೈರ್ಯ ಕೊಟ್ಟಿರಲಿಲ್ಲ. ಗಂಡಸರು ಕಾಲು ಹಿಡಿದು ಹತ್ತಿಸುವಂತಿಲ್ಲ, ಹೆಂಗಸರಿಗೆ ಕುದುರೆ ಬರುವುದಿಲ್ಲ. ದವಾಖಾನೆಯ ಡಾಕ್ಟರು ಅಬ್ಬಾನ ಬಳಿ ಬಂದು ಗೋಳು ತೋಡಿಕೊಂಡರು. ಅಬ್ಬಾ ತಲೆ ಎತ್ತದೆ ಗೊರಸು ಕೆತ್ತುತ್ತಲೇ, "ನಮ್ಮ ಹುಡುಗಿ ಕಲಸ್ತಾಳ ತಗೋರಿ" ಎಂದರು. ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ನಾನು ಕುಣಿದುಬಿಡುತ್ತಿದ್ದೆ.

ಬೆಳಗಿನ ಹೊತ್ತು ಹಳ್ಳದ ಉಸುಕಿನಲ್ಲಿ ಪಾಠ. ಉಸುಕು ಯಾಕೆಂದರೆ ಬಿದ್ದರೆ ಮೂಳೆ ಉಳಿಯುತ್ತದೆ. ಬಾಯಿಯವರು ಸೀರೆಗೆ ಕಚ್ಚೆ ಹಾಕಿ, ದೇವರಿಗೆ ಕೈಮುಗಿದು, ಕುದುರೆಗೂ ಕೈಮುಗಿದು, ನನ್ನ ಹೆಗಲ ಮೇಲೆ ಕಾಲಿಟ್ಟು ಏರುತ್ತಿದ್ದರು. ಏರಿದ ಕೂಡಲೇ ಕಣ್ಣು ಮುಚ್ಚುತ್ತಿದ್ದರು.

"ಇದು ಚರ್ಮ ನಡುಗಸಾಕತ್ತೈತಿ. ಸಿಟ್ಟು ಬಂದೈತೇನು?"

"ಇಲ್ರಿ ಬಾಯಿ, ನೊಣ ಬಂದೈತಿ."

"ಕಿವಿ ಯಾಕ ಹಿಂಗ ತಿರುವ್ತು?"

"ನೀವು ಮಾತಾಡಿದ್ದು ಕೇಳಾಕ್ರಿ."

"ಕೇಳಿ ಏನ್ ಮಾಡತೈತಿ?"

ಹದಿನೈದು ದಿನ ಕುದುರೆ ನಡೆಯಿತು, ಬಾಯಿಯವರು ಜೂಲು ಹಿಡಿದು ನಡುಗಿದರು. ಓಟದ ಮಾತೆತ್ತಿದರೆ, "ನನ್ನ ಹೆಣ ಓಡಿಸು" ಎನ್ನುತ್ತಿದ್ದರು. ನನಗೂ ಸೋತಂತಾಯಿತು.

ಒಂದು ಮುಂಜಾನೆ ಪಾಠದ ನಡುವೆ ಒಬ್ಬ ರೈತ ಏದುಸಿರು ಬಿಡುತ್ತ ಹಳ್ಳಕ್ಕೆ ಇಳಿದು ಬಂದ. ಹೆಂಡತಿಗೆ ಹೆರಿಗೆ ಬೇನೆ, ಕೂಸು ಹೊರಗೆ ಬರುತ್ತಿಲ್ಲ, ಬರ್ರಿ ಎಂದ. ಬೇನೆ ಯಾವಾಗ ಸುರುವಾಯಿತು ಎಂದು ಬಾಯಿಯವರು ಕುದುರೆಯ ಮೇಲಿಂದಲೇ ಕೇಳಿದರು.

"ನಿನ್ನಿ ಮುಂಜಾನಿರಿ. ತಾಯತ ಕಟ್ಟಿಸಿ ನೋಡಿದ್ವಿ, ಬೂದಿ ಹಚ್ಚಿ ನೋಡಿದ್ವಿ…"

"ನಿನ್ನಿ ಮುಂಜಾನಿ! ಇವತ್ತ ಬಂದೀ? ನಿನಗ ಹೊಟ್ಟಿ ನೋವು ಬಂದಿದ್ರ ಒಂದ್ ದಿನಾ ಕುಂದರ್ತಿದ್ಯೇನೋ?"

ಅವರ ಕನ್ನಡಕ ಮಿಂಚಿದ್ದನ್ನು ನೋಡಿ ರೈತ ಬಂದ ದಾರಿಗೇ ತಿರುಗಿ ಓಡತೊಡಗಿದ. ಬೈಗುಳ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಬಾಯಿಯವರು ಹಿಮ್ಮಡಿಯಿಂದ ಕುದುರೆಯನ್ನು ಒತ್ತಿದರು. ಬಿಳಿ ಕುದುರೆಗೆ ಆಶ್ಚರ್ಯವಾಗಿರಬೇಕು. ಆದರೂ ಓಡಿತು. ನಾನು ಅಂಗಡಿಯಿಂದ ಹೊಸ ಲಾಳದ ಕುದುರೆಯೊಂದನ್ನು ಬಿಚ್ಚಿಕೊಂಡು, ಅವರು ದಂಡೆಯಲ್ಲೇ ಬಿಟ್ಟುಹೋದ ಔಷಧದ ಚೀಲ ಹೆಗಲಿಗೆ ಹಾಕಿ ಹಿಂದೆ ಹೊರಟೆ. ರೈತ ಮುಂದೆ, ಬೈಗುಳ ಅವನ ಹಿಂದೆ, ಕುದುರೆ ಬೈಗುಳದ ಹಿಂದೆ. ಎರಡು ಮೈಲಿ ಹೀಗೆ. ಮನೆಯ ಮುಂದೆ ಬಾಯಿಯವರು ತಾವೇ ಜಿಗಿದು ಇಳಿದರು. ಒಳಗೆ ಹೋಗುವವರು ಬಾಗಿಲಲ್ಲಿ ನಿಂತು, "ಏ ಹುಡುಗಿ, ನಾ ಹ್ಯಾಂಗ ಬಂದೆ?" ಎಂದು ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಅತ್ತಿತು. ತಾಯಿಯೂ ಉಳಿದಳು. ಹೊರಗೆ ಎರಡು ಕುದುರೆಗಳ ಹಗ್ಗ ಹಿಡಿದು ಕೂತಿದ್ದ ನನಗೆ ಆ ಅಳು ಕೇಳಿ ಕಣ್ಣು ತುಂಬಿದವು. ಜೊತೆಗೆ ಒಂದು ವಿಷಯ ಹೊಳೆಯಿತು. ಹೆದರಿದವರಿಗೆ ಹೆದರಬೇಡಿ ಎಂದು ಹೇಳಿ ಫಲವಿಲ್ಲ. ಅವರ ಮನಸ್ಸಿಗೆ ಬೇರೆ ಏನಾದರೂ ಕೆಲಸ ಕೊಡಬೇಕು.

ಇದನ್ನು ಪರೀಕ್ಷಿಸಲು ದೇವರು ನನಗೆ ಒಬ್ಬ ತಹಸೀಲ್ದಾರರನ್ನು ಕಳಿಸಿದ. ಕಲಬುರ್ಗಿ ಕಡೆಯವರು, ಹೊಸದಾಗಿ ಬಂದವರು, ಶೇರವಾನಿಯ ಎಲ್ಲ ಗುಂಡಿಗಳನ್ನೂ ಹಾಕುವವರು. ಬಂದ ಮೊದಲ ವಾರವೇ ಕಚೇರಿಯ ಮುಂದೆ, ಹತ್ತೂರಿನ ಕುಲಕರ್ಣಿಗಳ ಸಮಕ್ಷಮ, ಕುದುರೆಯ ಈ ಕಡೆಯಿಂದ ಏರಿ ಆ ಕಡೆಯಿಂದ ಇಳಿದಿದ್ದರು. ಅವರು ಅಬ್ಬಾನ ಬಳಿ ಬಂದು, "ಈ ಕುದುರಿ ಕಾಲಾಗ ಏನೋ ಐಬು ಅದ, ನೋಡ್ರಿ" ಎಂದರು. ಅಬ್ಬಾ ನಾಲ್ಕೂ ಕಾಲು ಎತ್ತಿ ನೋಡಿ, "ಮೊಣಕಾಲತನಕ ಏನೂ ಇಲ್ರಿ ಸಾಹೇಬ್ರ" ಎಂದು ನನ್ನ ಕಡೆ ನೋಡಿದರು.

ನಾನು ಕುದುರೆಯ ಸುತ್ತ ಒಂದು ಸುತ್ತು ಬಂದು ಗಂಭೀರವಾಗಿ ಹೇಳಿದೆ: "ಕುದುರಿಗೆ ತಾಲೀಮು ಕಮ್ಮಿ ಐತ್ರಿ. ಹದಿನೈದ ದಿನ ಕಲಸಬೇಕು. ಆದ್ರ ಮಾಲಕರು ಮ್ಯಾಲ ಕುಂತಿರಬೇಕಾಗತೈತಿ, ಇಲ್ಲಾಂದ್ರ ಅದು ನನ್ನ ಮಾತು ಕೇಳೂದಿಲ್ಲ."

ತಹಸೀಲ್ದಾರರ ಮುಖ ಅರಳಿತು. "ನಾನೂ ಅದೇ ಅಂದೆ. ಕುದುರಿಗೇ ಬರಲ್ಲ!"

ಮರುದಿನದಿಂದ ಹಳ್ಳದ ಉಸುಕಿನಲ್ಲಿ ನಾನು ಕುದುರೆಗೆ ಪಾಠ ಹೇಳತೊಡಗಿದೆ. "ಏ ಕುದುರಿ, ಹಿಮ್ಮಡಿ ಕೆಳಗ ಒತ್ತು. ಬೆನ್ನು ನೆಟ್ಟಗ ಮಾಡು. ಲಗಾಮು ಅಷ್ಟು ಜಗ್ಗಬ್ಯಾಡ, ಬಾಯಿ ನೋಯತೈತಿ. ಉಸುರು ಬಿಡು. ಹೊಟ್ಟಿ ಒಳಗ ಎಳ್ಕೋ." ಮೇಲೆ ಕೂತವರು ಕುದುರೆಯ ಪರವಾಗಿ ಎಲ್ಲವನ್ನೂ ಪಾಲಿಸುತ್ತಿದ್ದರು. ತಾವು ಕಲಿಯುತ್ತಿದ್ದೇವೆ ಎಂಬ ನಾಚಿಕೆ ಇಲ್ಲವಾದ್ದರಿಂದ ಮೂರು ಪಟ್ಟು ಬೇಗ ಕಲಿತರು. ಎಂಟನೆಯ ದಿನ ಒಮ್ಮೆ ಉಸುಕಿಗೆ ಬಿದ್ದರು. ನಾನು ಕುದುರೆಗೆ, "ಬಿದ್ರ ಏನಾತು? ಲಗಾಮು ಬಿಡಬಾರದು" ಎಂದೆ. ಅವರು ಶೇರವಾನಿ ಝಾಡಿಸಿಕೊಂಡು ಎದ್ದು, ಅದನ್ನೇ ಕುದುರೆಗೆ ಇನ್ನಷ್ಟು ಗಟ್ಟಿಯಾಗಿ ಹೇಳಿದರು.

ತಿಂಗಳೊಳಗೆ ಅವರು ಕುದುರೆಯ ಮೇಲೆಯೇ ಹಳ್ಳಿಗಳ ಲೆಕ್ಕ ತಪಾಸಣೆಗೆ ಹೋಗಿಬಂದರು. ತಮ್ಮ ಸ್ನೇಹಿತರ ನಡುವೆ, ಕುಷ್ಟಗಿಯಲ್ಲಿ ಒಬ್ಬ ಹುಡುಗಿ ಕುದುರೆಗಳಿಗೆ ಬಹಳ ಚೆನ್ನಾಗಿ ಕಲಿಸುತ್ತಾಳೆ ಎಂದು ಹೇಳಿರಬೇಕು. ಯಾಕೆಂದರೆ ಆಮೇಲೆ ಕುದುರೆಗಳು ಬರತೊಡಗಿದವು, ಬೆನ್ನಿನ ಮೇಲೆ ಒಬ್ಬೊಬ್ಬ ಮಾಲಕರನ್ನು ಹೊತ್ತುಕೊಂಡು. ಪೊಲೀಸ್ ಅಮೀನರ ಕುದುರೆ ಬಂತು, ಕಂದಾಯ ನೋಡುವ ಗಿರ್ದಾವರರ ಕುದುರೆ ಬಂತು. ಗಂಗಾವತಿಯ ಡಾಕ್ಟರೊಬ್ಬರು ಮಾತ್ರ ತಮ್ಮ ಕುದುರೆಯನ್ನು ಆಳಿನ ಕೈಯಲ್ಲಿ ಕಳಿಸಿ, ತಾವು ಮನೆಯಲ್ಲೇ ಉಳಿದರು. ಪಾಪ, ಅವರು ಮಾತನ್ನು ನಂಬಿಬಿಟ್ಟಿದ್ದರು. ಊರಿನವರು ನನಗೆ ಕುದುರಿ ಉಸ್ತಾದ್ ಎಂದು ಹೆಸರಿಟ್ಟರು. ಅಮ್ಮಿಗೆ ಮಾತ್ರ ಚಿಂತೆ: ಉಸ್ತಾದನನ್ನು ಮದುವೆಯಾಗುವವರು ಯಾರು?

ಅದಕ್ಕೂ ಒಬ್ಬರು ಸಿಕ್ಕರು. ಕೊಪ್ಪಳದ ಸ್ಟೇಷನ್ನಿನ ಹತ್ತಿರ ಸೈಕಲ್ ಅಂಗಡಿ ಇಟ್ಟವರು. ನೋಡಲು ಬಂದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: "ನನ್ನನ್ನ ಕುದುರಿ ಹತ್ತಸೂದಿಲ್ಲ ಹೌದಲ್ಲೋ?" ಇಲ್ಲ ಎಂದೆ. ನಾನು ಸೈಕಲ್ ಏರುವುದಿಲ್ಲ, ಅವರು ಕುದುರೆ ಏರುವುದಿಲ್ಲ. ಈ ಒಪ್ಪಂದದ ಮೇಲೆ ನಮ್ಮ ಸಂಸಾರ ಸುಖವಾಗಿ ನಡೆಯಿತು. ನಾನು ಕೊಪ್ಪಳಕ್ಕೆ ಬಂದೆ.

ನಿಜಾಮರ ರಾಜ್ಯದ ಕೊನೆಯ ಗಲಾಟೆಯ ದಿನಗಳಲ್ಲಿ ಯಾರೂ ಕುದುರೆ ಕಲಿಯಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ನಾವೂ ಹಾಗೆಯೇ. ಗಲಾಟೆ ಮುಗಿದು ಹೊಸ ಸರ್ಕಾರ ಬಂದ ಮೇಲೆ ಒಬ್ಬ ಪೊಲೀಸ್ ಸಾಹೇಬರು ಜೀಪು ತಂದರು. ಮೊದಲ ಮಳೆಗೇ ಅದು ಯಲಬುರ್ಗಾದ ಎರೆ ಮಣ್ಣಿನಲ್ಲಿ ಹೊಟ್ಟೆಯವರೆಗೆ ಹೂತು, ಆರು ಎತ್ತು ಕಟ್ಟಿ ಎಳೆಸಬೇಕಾಯಿತು. ಮರುವಾರ ಅವರು ಸೈಕಲ್ ಅಂಗಡಿಗೇ ಬಂದು, ನನ್ನ ಗಂಡ ಕೊಟ್ಟ ಸ್ಟೂಲಿನ ಮೇಲೆ ಕೂತು, ಸುತ್ತುಬಳಸದೆ ಹೇಳಿದರು: "ನನಗೂ ಕುದುರಿ ಬರೂದಿಲ್ಲ, ನನ್ನ ಮಂದಿಗೂ ಬರೂದಿಲ್ಲ. ನೀವು ಕಲಸ್ತೀರಂತ ಕೇಳೀನಿ. ಕಲಸ್ರಿ. ತಿಂಗಳಾ ಪಗಾರ ಕೊಡ್ತೀನಿ."

ಯಾವ ಅಧಿಕಾರಿಯೂ ನನ್ನೆದುರು "ನನಗ ಬರೂದಿಲ್ಲ" ಎಂಬ ಮಾತನ್ನು ಆವರೆಗೆ ಆಡಿರಲಿಲ್ಲ. ಗಂಡನೇ, "ನಾಳಿಂದ ಬರ್ತಾಳ್ರಿ" ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ಹೋದೆ. ಬಯಲಿನಲ್ಲಿ ಹನ್ನೆರಡು ಮಂದಿ ಸಿಪಾಯಿಗಳು ತಂತಮ್ಮ ಕುದುರೆ ಹಿಡಿದು ಸಾಲಾಗಿ ನಿಂತಿದ್ದರು, ಒಬ್ಬೊಬ್ಬರ ಮೀಸೆ ಒಂದೊಂದು ಗೇಣು. ಕಲಿಸುವವರು ಬರುತ್ತಾರೆಂದು ದಾರಿ ನೋಡುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಮುಂದೆ ನಿಂತಾಗ ಸಾಲಿನಲ್ಲಿ ಒಂದು ನಗು ಹರಿದು ಹೋಯಿತು. ಕೊನೆಯಲ್ಲಿದ್ದವನು ಕೇಳಿದ: "ಅಕ್ಕಾರ, ಉಸ್ತಾದರು ಯಾವಾಗ ಬರ್ತಾರ್ರಿ?"

"ಬಂದಾರ," ಎಂದೆ. "ಜೀನು ಬಿಚ್ಚರಿ. ಬೂಟು ತಗೀರಿ. ಇವತ್ತ ಬರೀ ಬೆನ್ನಿನ ಮ್ಯಾಲ."

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಹನ್ನೊಂದು ಮಂದಿ ಮಣ್ಣು ಮುಕ್ಕಿದ್ದರು. ಹನ್ನೆರಡನೆಯವನು ಬೀಳಲಿಲ್ಲ. ಅವನು ಇನ್ನೂ ಹತ್ತಿರಲಿಲ್ಲ.