ಒಂಬತ್ತನೇ ಪುಟ ಬಿಟ್ಟ ಸುಮತಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಪರ್ತ್‌ನ ಬೆಂಟ್ಲಿಯ ಒಂದು ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಸುಮತಿ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು, ಮುಖ ನೆಟ್ಟಗೆ ಕಾಣುತ್ತದೆಯೇ ಎಂದು ನೋಡಿಕೊಳ್ಳುತ್ತಾರೆ. ಹಿತ್ತಲಲ್ಲಿ ಮ್ಯಾಗ್‌ಪೈ ಹಕ್ಕಿಗಳು ಆಗಲೇ ಜಗಳಕ್ಕೆ ನಿಂತಿವೆ. ಒಲೆಯ ಮೇಲೆ ಕಾಫಿ, ಎದುರಿಗೆ ಗೆರೆ ಹಾಳೆಯ ನೋಟ್‌ಬುಕ್ಕು, ಚೂಪು ಮಾಡಿದ ಮೂರು ಪೆನ್ಸಿಲ್ಲು. ಐದೂಕಾಲಿಗೆ ಪರದೆಯ ಮೇಲೆ ಒಂದೊಂದೇ ಮುಖ ಬರುತ್ತದೆ. ಬ್ರಿಸ್ಬೇನ್‌ನಲ್ಲಿ ಆಗ ಏಳೂಕಾಲು, ಅಡಿಲೇಡ್‌ನಲ್ಲಿ ಏಳೂಮುಕ್ಕಾಲು. ಅಲ್ಲಿನ ಶಿಕ್ಷಕರು ಶಾಲೆಗೆ ಹೊರಡುವ ಮೊದಲು ಬಿಡುವಾಗಿ ಸಿಗುವುದು ಈ ಅರ್ಧ ಗಂಟೆ ಮಾತ್ರ. ಹಾಗಾಗಿ ನಿದ್ದೆಗೆಡುವ ಸರದಿ ಯಾವತ್ತೂ ಪರ್ತ್‌ನವರದೇ.

"ಗುಡ್ ಮಾರ್ನಿಂಗ್ ಎವ್ರಿಒನ್" ಎಂದು ಹೇಳಿ ಸುಮತಿ ಮೈಕ್ ಆಫ್ ಮಾಡುತ್ತಾರೆ. ಆಮೇಲೆ ಓಡುವುದು ಪೆನ್ಸಿಲ್ ಒಂದೇ. ಕೊಳ್ಳೇಗಾಲದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಶಾರ್ಟ್‌ಹ್ಯಾಂಡ್ ಅದು. ಇಂದಿಗೆ ಅದು ಯಾರಿಗೆ ಬೇಕು ಎಂದು ಮೂಗು ಮುರಿಯುವವರು ಒಮ್ಮೆ ಈ ಅಡುಗೆಮನೆಗೆ ಬರಬೇಕು. ಬ್ರಿಸ್ಬೇನ್‌ನವರು ಮಾತು ಮುಗಿಸುವಷ್ಟರಲ್ಲಿ ಸುಮತಿ ಪುಟ ತಿರುಗಿಸಿ ಆಗಿರುತ್ತದೆ.

ಏನಿದು ಸಭೆ? ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳ ಮೂರು ಶಾಲೆಗಳು ಜಾಂಬಿಯಾದ ಒಂದು ಜಿಲ್ಲೆಯ ಮೂರು ಶಾಲೆಗಳ ಜೊತೆ ಕೈಜೋಡಿಸಿವೆ. ಬೇರೆ ಭಾಷೆ, ಬೇರೆ ಬುಡಕಟ್ಟು, ಬೇರೆ ದೇವರಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕಲಿಯುವಾಗ ಒಬ್ಬರನ್ನೊಬ್ಬರು ಸಹಿಸಿ, ಗೌರವಿಸಿ ಬಾಳುವುದನ್ನು ಹೇಳಿಕೊಡಲು ಶಿಕ್ಷಕರಿಗೊಂದು ಕೈಪಿಡಿ, ವರ್ಷಕ್ಕೊಮ್ಮೆ ತರಬೇತಿ. ಇದಿಷ್ಟು ಯೋಜನೆ. ಶುರು ಮಾಡಿದವರು ಪರ್ತ್‌ನ ರಮಾಕಾಂತ್, ಮೈಸೂರಿನವರು, ನಿವೃತ್ತ ಎಂಜಿನಿಯರ್. ಹಿಂದೆ ಜಾಂಬಿಯಾದ ತಾಮ್ರದ ಗಣಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದರು, ಆ ಋಣ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಯಾರು ಯಾರಿಗೆ ಸಹಿಷ್ಣುತೆ ಕಲಿಸಬೇಕು ಎಂದು, ಲೇಖನ ಬರೆಯಲು ಬಂದಿದ್ದ ನಾನು ಸುಮತಿಯವರನ್ನು ಕೊಂಚ ಕೊಂಕಾಗಿಯೇ ಕೇಳಿದೆ. ಸುಮತಿ ನಕ್ಕು, ಅದನ್ನೇ ನಿಮಗೆ ಹೇಳಬೇಕಾಗಿರುವುದು, ಕಾಫಿ ಕುಡಿಯಿರಿ ಎಂದರು.

ಯೋಜನೆಯ ವೆಬ್‌ಸೈಟಿನಲ್ಲಿ ಒಂದು ಗುಂಪು ಫೋಟೊ ಇದೆ. ಅದರಲ್ಲಿ ಸುಮತಿ ಇಲ್ಲ, ಕ್ಯಾಮೆರಾ ಹಿಡಿದವರೇ ಅವರು. ಎರಡೂವರೆ ವರ್ಷದಲ್ಲಿ ಎಪ್ಪತ್ತಮೂರು ಸಭೆ ನಡೆದಿವೆ, ಎಪ್ಪತ್ತಮೂರಕ್ಕೂ ನಡಾವಳಿ ಬರೆದವರು ಇವರೇ. ಅಕ್ಟೋಬರಿನಲ್ಲಿ ಅಡಿಲೇಡ್ ಒಂದೇ ಗಡಿಯಾರ ಮುಂದೆ ತಿರುಗಿಸುತ್ತದೆ, ಪರ್ತ್, ಬ್ರಿಸ್ಬೇನ್‌ಗಳು ತಿರುಗಿಸುವುದಿಲ್ಲ. ಅದನ್ನು ನೆನಪಿಟ್ಟು ಎಲ್ಲರಿಗೂ ತಿಳಿಸುವುದೂ ಇವರ ಪಾಲಿಗೆ. ಸಂಬಳ ವಾರಕ್ಕೆ ಹನ್ನೊಂದು ತಾಸಿಗೆ, ಕೆಲಸ ಇಪ್ಪತ್ತು ತಾಸಿನದು.

ಇದು ಸಾಲದೆಂಬಂತೆ ಎಂಟರಿಂದ ಎರಡೂವರೆಯವರೆಗೆ ಹತ್ತಿರದ ಪ್ರೈಮರಿ ಶಾಲೆಯ ಕ್ಯಾಂಟೀನಿನಲ್ಲಿ ದುಡಿಮೆ. ದಿನಕ್ಕೆ ನೂರಾ ಇಪ್ಪತ್ತು ಸ್ಯಾಂಡ್‌ವಿಚ್. ಮೂರಕ್ಕೆ ಜಾಂಬಿಯಾದವರ ಜೊತೆ ಇನ್ನೊಂದು ಸಭೆ ಇದ್ದರೆ ಓಡಿ ಬರುತ್ತಾರೆ. ಅಲ್ಲಿ ಆಗ ಬೆಳಗಿನ ಒಂಬತ್ತು. "ಆರ್ವೋ ಮೀಟಿಂಗ್ ದಿನ ಊಟ ನಿಂತ್ಕೊಂಡೇ ಮುಗಿಸ್ಬಿಡ್ತೀನಿ. ಅಭ್ಯಾಸ ಆಗ್ಹೋಗಿದೆ" ಎನ್ನುತ್ತಾರೆ. ಆರ್ವೋ ಎಂದರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನ. ಗಂಡ ಸೋಮಶೇಖರ ಗಣಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್, ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಮಗಳು ಕೃತಿಗೆ ಹದಿನೈದು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲಿ.

ಈಗ ಒಂಬತ್ತನೇ ಪುಟದ ವಿಷಯಕ್ಕೆ ಬರುತ್ತೇನೆ. ನಾನು ಸುಮತಿಯವರನ್ನು ಹುಡುಕಿಕೊಂಡು ಬಂದದ್ದೇ ಅದಕ್ಕಾಗಿ.

ಕೈಪಿಡಿ ನಲವತ್ತನಾಲ್ಕು ಪುಟದ್ದು. ಒಂಬತ್ತನೇ ಪುಟದಲ್ಲಿ ಮೊದಲ ದಿನದ ಚಟುವಟಿಕೆ. ಬರೆದುಕೊಟ್ಟವರು ಬ್ರಿಸ್ಬೇನ್‌ನ ಶಿಕ್ಷಕಿ ಹೆಲೆನ್. ಅಲ್ಲಿನ ಸನ್ನಿಬ್ಯಾಂಕ್ ಬಡಾವಣೆಯ ತಮ್ಮ ತರಗತಿಯಲ್ಲಿ ಮಾಡಿಸಿ ನೋಡಿ, ಗೆದ್ದ ಖುಷಿಯಲ್ಲಿ ತಂದಿದ್ದರು. ಮಕ್ಕಳೆಲ್ಲ ಎದ್ದು ತಮ್ಮ ತಮ್ಮ ಸಮುದಾಯದ ಪ್ರಕಾರ ಕೋಣೆಯ ಒಂದೊಂದು ಮೂಲೆಗೆ ಹೋಗಿ ನಿಲ್ಲಬೇಕು. ಪ್ರತಿ ಗುಂಪೂ ತಾವು ಯಾರು, ತಮ್ಮ ಹೆಮ್ಮೆ ಏನು ಎಂದು ಹೇಳಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ಸಭೆಯಲ್ಲಿ ಎಲ್ಲರಿಗೂ ಇಷ್ಟವಾಯಿತು. ಮಧ್ಯಾಹ್ನದ ಸಭೆಯಲ್ಲಿ ಜಾಂಬಿಯಾದ ಮುಖ್ಯೋಪಾಧ್ಯಾಯಿನಿ ಚಿಲೆಶೆ ಕೂಡ ಚೆನ್ನಾಗಿದೆ ಎಂದರು. ಸರ್ವಾನುಮತದಿಂದ ಒಪ್ಪಲಾಯಿತು ಎಂದು ಸುಮತಿ ಬರೆದುಕೊಂಡರು. ಬರೆಯುವಾಗ ಪೆನ್ಸಿಲ್ ಮೊನೆ ಮುರಿಯಿತಂತೆ.

ಅಚ್ಚಿಗೆ ಹೋಗುವ ಫೈಲ್ ಸಿದ್ಧ ಮಾಡುವವರೂ ಇವರೇ ತಾನೆ. ಮಾರ್ಚಿನ ಒಂದು ಸೋಮವಾರ ಅವರು ಕಳಿಸಿದ ಫೈಲಿನಲ್ಲಿ ಎಂಟನೇ ಪುಟ ಆದಮೇಲೆ ಹತ್ತನೇ ಪುಟವಿತ್ತು. ಸಂಖ್ಯೆಗಳನ್ನಾದರೂ ತಿದ್ದಬೇಡವೇ? ಅದನ್ನೂ ಮಾಡಿರಲಿಲ್ಲ. ಕದ್ದು ಗೊತ್ತಿಲ್ಲದವರು ಕದ್ದರೆ ಹೀಗೆಯೇ ಆಗುವುದು. ಒಂದು ಗಂಟೆಯೊಳಗೆ ಹೆಲೆನ್ ಅವರ ಮೇಲ್ ಬಂತು: ಒಂದು ಪುಟ ಬಿಟ್ಟುಹೋಗಿದೆ, ಸೇರಿಸಿ ಕಳಿಸುತ್ತೀರಾ, ತುಂಬ ಥ್ಯಾಂಕ್ಸ್. ರಮಾಕಾಂತ್ ಫೋನ್ ಮಾಡಿ, ನಿಮ್ಮ ಕೈಯಲ್ಲಿ ಇಂಥದ್ದು ಆಗುವುದಿಲ್ಲವಲ್ಲ, ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ಸರಿ ಮಾಡುತ್ತೇನೆ ಅಂಕಲ್ ಎಂದು ಸುಮತಿ ಫೋನ್ ಇಟ್ಟರು. ಗುರುವಾರ ಬೆಳಿಗ್ಗೆ ಸಭೆ, ಶುಕ್ರವಾರ ಅಚ್ಚು.

ಆ ಪುಟವನ್ನು ಸೇರಿಸಲು ಅವರ ಕೈ ಯಾಕೆ ಬರಲಿಲ್ಲ ಎಂದು ತಿಳಿಯಬೇಕಾದರೆ ಕೊಳ್ಳೇಗಾಲದ ಕಡೆಯ ಒಂದು ಹೋಬಳಿ ಶಾಲೆಯ ಆರನೇ ತರಗತಿಗೆ ಹೋಗಬೇಕು. ಸುಮತಿಯ ತಂದೆ ನೀರಾವರಿ ಇಲಾಖೆಯಲ್ಲಿ ಅಟೆಂಡರ್. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಮನೆ ಇದ್ದದ್ದರಿಂದ ಕೇರಿಯ ಹೆಸರಿನ ಮೇಲೆ ಯಾರೂ ಅವರನ್ನು ಗುರುತಿಸುತ್ತಿರಲಿಲ್ಲ. ಬೆಂಚಿನ ಗೆಳತಿ ಮೈಥಿಲಿ. ಇಬ್ಬರಿಗೂ ಒಂದೇ ಕಡಲೆಮಿಠಾಯಿ. ಲಂಗದ ಅಂಚನ್ನು ಸುತ್ತಿ, ಬಟ್ಟೆಯ ಮೇಲಿಂದ ಕಚ್ಚಿ ಎರಡು ಮಾಡಿ ಹಂಚಿಕೊಳ್ಳುತ್ತಿದ್ದರು. ಕಾಗೆ ಎಂಜಲು ಎಂದರೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ!

ಒಂದು ದಿನ ಮೇಷ್ಟ್ರು ಒಂದು ಫಾರಂ ಹಿಡಿದು ಬಂದರು.

"ಸ್ಕಾಲರ್‌ಶಿಪ್ ಮಕ್ಕಳು ಎದ್ದು ನಿಂತ್ಕೊಳಿ ಅಂದ್ರು. ಏಳು ಜನ ನಿಂತ್ವಿ. ಆಮೇಲೆ ಒಬ್ಬೊಬ್ಬರನ್ನೇ, ನಿಂದು ಯಾವ ಜಾತಿ, ಗಟ್ಟಿಯಾಗಿ ಹೇಳು, ಇಲ್ಲಿ ಬರೀಬೇಕು ಅಂದ್ರು. ಹೇಳ್ದೆ. ಮೇಷ್ಟ್ರು ಕೆಟ್ಟೋರಲ್ಲ ಕಣ್ರಿ. ನಮಗೆ ಸ್ಕಾಲರ್‌ಶಿಪ್ ತಪ್ಪಬಾರ್ದು ಅಂತಾನೇ ಕೇಳಿದ್ದು. ಯಾರೂ ನಗ್ಲಿಲ್ಲ, ಯಾರೂ ಬೈಲಿಲ್ಲ. ಮಾರನೇ ದಿನ ಮೈಥಿಲಿ ತನ್ನ ಮಿಠಾಯಿ ತಾನು ತಿಂದ್ಲು, ಅಷ್ಟೇ."

ಅಷ್ಟೇ ಎಂದು ಹೇಳಿ ಸುಮತಿ ಎದ್ದುಹೋಗಿ ಒಲೆ ಒರೆಸತೊಡಗಿದರು. ಒಲೆ ಆಗಲೇ ಸ್ವಚ್ಛವಾಗಿತ್ತು.

ಪರ್ತ್‌ಗೆ ಬಂದ ಮೇಲೆ ಯಾರೂ ಎದ್ದು ನಿಲ್ಲು ಎನ್ನಲಿಲ್ಲ. ಆದರೆ ನಮ್ಮ ಜನ ನಯವಾಗಿ ಕೆದಕುವುದರಲ್ಲಿ ಎತ್ತಿದ ಕೈ. ನಿಮ್ಮ ಮನೆದೇವರು ಯಾವುದು? ಊರಲ್ಲಿ ಯಾವ ಬೀದಿ? ನೀವು ವೆಜ್ಜಾ? ಹನ್ನೆರಡು ವರ್ಷ ಸುಮತಿ ಈ ಪ್ರಶ್ನೆಗಳ ನಡುವೆ ನುಸುಳಿಕೊಂಡು ಬಂದರು. ಗಂಡ ಹೆಂಡತಿ ಮಾತಾಡಿಕೊಂಡು ಮಗಳಿಗೂ ಹೇಳಿರಲಿಲ್ಲ, ಈ ದೇಶದಲ್ಲಿ ಬೆಳೆಯುವ ಹುಡುಗಿಗೆ ಆ ಭಾರ ಯಾಕೆ ಎಂದು. ಈಗ ಒಂಬತ್ತನೇ ಪುಟ ಯಾಕೆ ಬೇಡ ಎಂದು ಹೇಳಬೇಕಾದರೆ ಇದೆಲ್ಲವನ್ನೂ ಹೇಳಬೇಕು. ಅದೂ ರಮಾಕಾಂತ್ ಅವರ ಎದುರಿಗೆ. ಪರ್ತ್‌ನ ಕನ್ನಡದವರಿಗೆಲ್ಲ ಹಿರಿಯರು ಅವರು. ಗೌರಿ ಹಬ್ಬಕ್ಕೆ ತಪ್ಪದೆ ಕರೆಯುವ ಮನೆ ಅದು. ಹೇಳದಿದ್ದರೆ ಶುಕ್ರವಾರ ಪುಸ್ತಕ ಅಚ್ಚಾಗುತ್ತದೆ, ಇನ್ನೆಲ್ಲೋ ಒಂದು ತರಗತಿಯಲ್ಲಿ ಮಕ್ಕಳು ಎದ್ದು ನಿಲ್ಲುತ್ತಾರೆ.

ಗುರುವಾರ ಐದೂಕಾಲಿಗೆ ಸುಮತಿ ಗುಡ್ ಮಾರ್ನಿಂಗ್ ಹೇಳಿದರು. ಮೈಕ್ ಆಫ್ ಮಾಡಲಿಲ್ಲ. ಅವರು ಇಂಗ್ಲಿಷಿನಲ್ಲಿ ಆಡಿದ ಮಾತನ್ನು ನನಗೆ ಕನ್ನಡದಲ್ಲಿ ಹೀಗೆ ಹೇಳಿದರು:

"ಆ ಪುಟ ಬಿಟ್ಟುಹೋಗಿದ್ದಲ್ಲ, ನಾನೇ ಬಿಟ್ಟಿದ್ದು. ನಾವು ದಲಿತರು. ನನ್ನ ಕ್ಲಾಸಲ್ಲಿ ನನ್ನನ್ನ ಹೀಗೇ ಎದ್ದು ನಿಲ್ಸಿದ್ರು, ಒಳ್ಳೇ ಮನಸ್ಸಿಂದಾನೇ ನಿಲ್ಸಿದ್ರು. ದೊಡ್ಡ ಗುಂಪಿನ ಮಕ್ಕಳಿಗೆ ಮೂಲೆ ಒಂದು ಆಟ. ಒಬ್ಬಳೇ ನಿಂತೋಳಿಗೆ ಅದು ಆಟ ಅಲ್ಲ. ತಾನು ಯಾರು ಅಂತ ಮಗು ತನಗೆ ಬೇಕಾದಾಗ ಹೇಳ್ಕೊಳ್ಳಲಿ. ನಾವು ಕೇಳೋದು ಬೇಡ."

ಹೆಲೆನ್ ಕನ್ನಡಕ ತೆಗೆದು, ಸನ್ನಿಬ್ಯಾಂಕ್‌ನ ತನ್ನ ತರಗತಿಯಲ್ಲಿ ಆ ದಿನ ಒಂದು ಹುಡುಗಿ ಹೊಟ್ಟೆನೋವೆಂದು ಹೊರಗೆ ಹೋಗಿದ್ದಳು, ಅದು ಹೊಟ್ಟೆನೋವೇ ಎಂದು ತಾನು ಇಲ್ಲಿಯವರೆಗೂ ನಂಬಿದ್ದಾಗಿ ಹೇಳಿದರು. ಜಾಂಬಿಯಾದ ಚಿಲೆಶೆ ಅವರ ಮಾತು ಅಂದೇ ಮಧ್ಯಾಹ್ನದ ಸಭೆಯಲ್ಲಿ ಬಂತು. ಕಾಂಗೋದಿಂದ ಬಂದವರ ಹನ್ನೊಂದು ಮಕ್ಕಳು ತಮ್ಮ ಶಾಲೆಯಲ್ಲಿದ್ದಾರೆ, ಗುರುತು ಸಿಗಬಾರದೆಂದು ಇಡೀ ದಿನ ಊರಿನ ಭಾಷೆಯನ್ನೇ ಆಡುತ್ತಾರೆ, ನೀವು ಅಷ್ಟು ಪ್ರೀತಿಯಿಂದ ತಂದದ್ದನ್ನು ಬೇಡವೆನ್ನಲು ತನಗೆ ಬಾಯಿ ಬರಲಿಲ್ಲ ಎಂದು ಅವರು ಒಪ್ಪಿಕೊಂಡರು. ಅಚ್ಚು ಮೂರು ವಾರ ಮುಂದೆ ಹೋಯಿತು. ಒಂಬತ್ತನೇ ಪುಟವನ್ನು ಚಿಲೆಶೆ ಅವರೇ ಹೊಸದಾಗಿ ಬರೆದುಕೊಟ್ಟರು. ಶಾಲೆಯ ತೋಟದಲ್ಲಿ ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಗುದ್ದಲಿ, ಒಂದೊಂದು ಸಾಲು ಮೆಕ್ಕೆಜೋಳ. ಯಾರು ಏನು ಎಂದು ಯಾರೂ ಕೇಳುವುದಿಲ್ಲ. ಮೇ ತಿಂಗಳಿನಿಂದ ಜಾಂಬಿಯಾದ ಮೂರು ಶಾಲೆಗಳಲ್ಲೂ ಹೀಗೆಯೇ ನಡೆದಿದೆ.

ರಮಾಕಾಂತ್ ಅವರನ್ನು ನಾನು ಪ್ರತ್ಯೇಕವಾಗಿ ಕಂಡೆ. ಸುಮತಿ ನಡಾವಳಿಯಲ್ಲಿ 'ಒಂದು ಆಕ್ಷೇಪ ಬಂತು' ಎಂದಷ್ಟೇ ಬರೆದು ಕಳಿಸಿದಾಗ ಅದರ ಪಕ್ಕದಲ್ಲಿ ಸುಮತಿಯ ಹೆಸರು ಸೇರಿಸಿ ವಾಪಸ್ ಕಳಿಸಿದವರು ಇವರು. ಸಭೆಯ ಕಾಗದದಲ್ಲಿ ಸುಮತಿಯ ಹೆಸರು ಮಾತಾಡಿದವರ ಸಾಲಿನಲ್ಲಿ ಬಂದದ್ದು ಅದೇ ಮೊದಲು.

"ನಮ್ಮ ಕ್ಲಾಸಲ್ಲೂ ನಿಲ್ಲಿಸ್ತಿದ್ರು. ನಾನು ಕೂತಿರ್ತಿದ್ದೆ" ಎಂದರು ರಮಾಕಾಂತ್. "ನಿಂತೋರು ಯಾರ್ಯಾರು ಅಂತ ಆ ಗುರುವಾರದಿಂದ ನೆನಪು ಮಾಡ್ಕೊಳ್ತಾ ಇದೀನಿ. ಒಂದು ಹೆಸರೂ ನೆನಪಾಗ್ತಿಲ್ಲ. ಎಪ್ಪತ್ತೊಂದು ವರ್ಷ ನನಗೆ."

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಾನ್ ವ್ಯಾಲಿಯಲ್ಲಿ ನಡೆದ ಕನ್ನಡದವರ ಪಿಕ್‌ನಿಕ್‌ನಲ್ಲಿ ಒಬ್ಬರು ಮನೆದೇವರ ಪ್ರಶ್ನೆ ತೆಗೆದಾಗ ಸುಮತಿ ಈ ಸಲ ನುಸುಳಿಕೊಳ್ಳದೆ ನೇರವಾಗಿ ಹೇಳಿದರು. ಕೇಳಿದವರು ಓಹ್, ನೈಸ್ ಎಂದು ದ್ರಾಕ್ಷಿಯ ತಟ್ಟೆ ಮುಂದೆ ತಳ್ಳಿದರು. ದೀಪಾವಳಿಗೆ ನಾಲ್ಕು ಮನೆಯಿಂದ ಕರೆ ಬರುತ್ತಿತ್ತು, ಈ ಸಲ ಮೂರು. ರಮಾಕಾಂತ್ ಅವರ ಮನೆಯದು ಆ ಮೂರರಲ್ಲಿ ಒಂದು. ನಾಲ್ಕನೆಯವರು ಮರೆತಿರಬಹುದು ಎನ್ನುತ್ತಾರೆ ಸುಮತಿ. ನನಗೆ ಹಾಗನ್ನಿಸುವುದಿಲ್ಲ.

ಅವರನ್ನು ಹೆಚ್ಚು ಕಾಡಿದ್ದು ಬೇರೆ. ಆ ಗುರುವಾರ ಕೃತಿ ಎಂದಿಗಿಂತ ಬೇಗ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ವೈ ಡಿಡ್ ಯು ನೆವರ್ ಟೆಲ್ ಮಿ, ಅಮ್ಮಾ?" ಎಂದು ಕೇಳಿದಾಗ ಸುಮತಿ ಬಸ್ಸಿಗೆ ಹೊತ್ತಾಯಿತು ಎಂದು ಜಾರಿಕೊಂಡರು. ಆಮೇಲೆ ತಾವೂ ಚಪ್ಪಲಿ ಮೆಟ್ಟಿ ಬಸ್ ಸ್ಟಾಪಿನವರೆಗೆ ನಡೆದರು, ದಾರಿಯುದ್ದಕ್ಕೂ ಹೇಳಿದರು. ಮೈಥಿಲಿ ಯಾವತ್ತಾದರೂ ಸಾರಿ ಕೇಳಿದಳೇ ಎಂದು ಮಗಳು ಕೇಳಿದ್ದಕ್ಕೆ, ಅವಳಿಗೂ ಹನ್ನೊಂದೇ ವರ್ಷ, ಪಾಪ ಎಂದರು. ಈಗ ಬೆಳಗಿನ ಸಭೆಯ ದಿನ ಕೃತಿಯೇ ಎದ್ದು ಕಾಫಿ ಬೆರೆಸಿಡುತ್ತಾಳೆ. ಸಕ್ಕರೆ ಸ್ವಲ್ಪ ಜಾಸ್ತಿಯಂತೆ.

ಹೊರಡುವ ಮುಂಚೆ ನಾನು ಕೇಳಬೇಕಾದದ್ದನ್ನು ಕೇಳಿದೆ. ಲೇಖನದಲ್ಲಿ ನಿಮ್ಮ ಹೆಸರು ಬದಲಾಯಿಸಲೇ? ಜಾತಿಯ ಮಾತು ಬಿಡಲೇ? ಸುಮತಿ ಕ್ಯಾಂಟೀನಿನ ಏಪ್ರನ್ ಕಟ್ಟಿಕೊಂಡರು.

"ಬೇಡ, ಹೆಸರು ಹಾಕಿ. ಜಾತಿನೂ ಬರೀರಿ, ನಾನೇ ಹೇಳಿದೀನಲ್ಲ, ಯಾರೂ ಕೇಳಿ ಹೇಳ್ಸಿದ್ದಲ್ಲ. ಆದ್ರೆ ನನ್ನ ಕೆಲ್ಸ ಮೊದ್ಲು ಬರೀರಿ. ಎಪ್ಪತ್ತಮೂರು ಮೀಟಿಂಗ್, ಎಪ್ಪತ್ತಮೂರು ಮಿನಿಟ್ಸ್, ಒಂದು ತಪ್ಪಿಲ್ಲ. ಒಂದೇ ಒಂದ್ಸಲ ಒಂದು ಪುಟ ಬಿಟ್ಟಿದೀನಿ. ಅದೂ ಬೇಕಂತಲೇ."