ಮಾವನವರು ಮತ್ತು ಮಹಡಿ ಮೇಲಿನ ಚೈನೀಸ್ ಹೋಟೆಲ್ಲು

ನನ್ನ ಮಾವನವರು ಗೋಬಿ ಮಂಚೂರಿಯನ್ನು ತಿನ್ನುವ ಮೊದಲು ಅದರ ಬಣ್ಣದ ಪರೀಕ್ಷೆ ಮಾಡುತ್ತಿದ್ದರು. ಹೆಗಲ ಮೇಲಿನ ಬಿಳಿ ಟವೆಲ್ಲಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ, ಹಿಂಡಿ, ಒಂದು ತುಂಡಿನ ಬೆನ್ನ ಮೇಲೆ ಚೆನ್ನಾಗಿ ಉಜ್ಜಿ, ಆ ತುದಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುವರು. ಅದು ಕೆಂಪಗಾಗಿರುತ್ತಿತ್ತು. "ಬಣ್ಣ ಬಿಡ್ತೈತೆ," ಎಂದು ಹೋಟೆಲ್ಲಿನ ಸಮಸ್ತರಿಗೂ ಕೇಳುವಂತೆ ತೀರ್ಪು ಕೊಟ್ಟು, ಆಮೇಲೆ ಆ ತುಂಡನ್ನೇ ಬಾಯಿಗೆ ಹಾಕಿಕೊಳ್ಳುವರು. ಆ ಹೊತ್ತಿಗೆ ನಾನು ಮೇಜಿನ ಕೆಳಗೆ, ಬೀಳದೇ ಇದ್ದ ಚಮಚವೊಂದನ್ನು ಹುಡುಕುತ್ತಿರುತ್ತಿದ್ದೆ.

ತಿಪ್ಪೇರುದ್ರಪ್ಪನವರು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರಿಗಳು. ಅವರ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಗಿರಾಕಿಯ ಮುಂದೆ ಸೀರೆ ಬಿಚ್ಚಿದೊಡನೆ, ಹೊಗಳುವುದಕ್ಕೆ ಮೊದಲು, ಅದನ್ನು ಮಗುಚಿ ಹಾಕುವರು. "ಮೊದಲು ಹಿಂಬದಿ ನೋಡಮ್ಮ. ಇಲ್ಲಿ ಒಂದು ಎಳೆ ತಪ್ಪೈತೆ, ಇಲ್ಲಿ ಜರಿ ಹರಿದು ಗಂಟು ಬಿದ್ದೈತೆ. ಮುಂಬದಿ ಬಿಡು, ಅದರ ಪಾಡಿಗೆ ಅದು ಚೆಂದ ಕಾಣ್ತೈತೆ." ಕೆಲವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಿದ್ದರು. ಮಾವನವರು ಸೀರೆ ಮಡಚಿಡುತ್ತಿದ್ದರು, ಅಷ್ಟೆ. ಅವರ ಅಳಿಯನಾದ ನಾನೋ ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಗುಮಾಸ್ತ. ಒದ್ದೆ ಕಾಯಿಯನ್ನು "ಸ್ವಲ್ಪ ತಂಪೈತೆ" ಎಂದೂ, ಮುಗ್ಗಿದ್ದನ್ನು "ಹಳೇ ಮಾಲು, ಪಳಗಿದ್ದು" ಎಂದೂ ಹೇಳಿ ಅನ್ನ ತಿನ್ನುವವನು. ಇಂಥ ಇಬ್ಬರನ್ನು ದೇವರು ಒಂದೇ ಮೇಜಿಗೆ ಕೂರಿಸಿದ್ದ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ, ಚೈನೀಸ್ ಹೋಟೆಲ್ಲು ತೆರೆಯಿತು. ಗೋಡೆಯ ಮೇಲೆ ಡ್ರ್ಯಾಗನ್ನು. ಬರೆದ ಪೇಂಟರು ಓಣಿಯ ಓತಿಕ್ಯಾತ ನೋಡಿ ಬರೆದಿದ್ದನೆಂದು ಕಾಣುತ್ತದೆ. ಮಾವನವರಿಗೆ ಆ ಜಾಗದ ಮೇಲೆ ಅದೇನು ಮೋಹವೋ. ಊರಿಗೆ ಬಂದಾಗಲೆಲ್ಲ, "ಅಳಿಯಂದ್ರೇ, ಚೀನಾದವರ ಹೋಟ್ಲಿಗೆ ಹೋಗಾಣ್ರಿ," ಎನ್ನುವರು. ಸ್ವೀಟ್ ಕಾರ್ನ್ ಸೂಪು ಬಂದರೆ ಚಮಚದಿಂದ ಎತ್ತಿ ಸುರಿದು, "ಇದು ಸೀರೆಗೆ ಹಾಕೋ ಗಂಜಿ. ನಮ್ಮಲ್ಲಿ ಇದಕ್ಕಿಂತ ತೆಳು ಮಾಡ್ತಾರೆ." ನೂಡಲ್ಸಿನ ಒಂದೆಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, "ಹುರಿ ಇಲ್ಲ. ಮಗ್ಗಕ್ಕೆ ಹಾಕಿದ್ರೆ ಹರೀತೈತೆ." ವಿನಿಗರ್ ಬಾಯಿಗೆ ಸಿಕ್ಕಾಗ ಮಾತ್ರ ಗೊಂದಲಕ್ಕೆ ಬೀಳುವರು. "ಏನಪ್ಪಾ, ಇಲ್ಲಿ ಬಾ. ಇದು ಹುಣಸೆಹಣ್ಣಲ್ಲ, ನಿಂಬೆಹಣ್ಣಲ್ಲ, ಮಜ್ಜಿಗೆಯಲ್ಲ. ಯಾರ ಹುಳಿ ಇದು?" ಸಪ್ಲೈಯರು ನನ್ನ ಮುಖ ನೋಡುವನು. ನಾನು ಡ್ರ್ಯಾಗನ್ ನೋಡುವೆನು.

ಹೀಗಿರುವಾಗ ನನ್ನ ಹೆಂಡತಿಯ ತಂಗಿ ಶೈಲಾಗೆ ಒಂದು ಸಂಬಂಧ ಬಂತು. ಹುಡುಗ ಆ ಹೋಟೆಲ್ಲಿನ ಮಾಲೀಕ ಮಹೇಶನ ತಮ್ಮ. ಎಣ್ಣೆ ಮಿಲ್ಲಿನ ಮನೆತನ, ನಮ್ಮವರೇ, ಹುಡುಗನೂ ಒಳ್ಳೆಯವನು. ಮಾತುಕತೆ ನಮ್ಮ ಮನೆಯಲ್ಲಿ ನಡೆಯಿತು. ಹುಡುಗಿಯ ಓದು ಕೇಳಿದಾಗ, "ಪಿಯುಸಿ ಪಾಸು," ಎಂದವನು ನಾನು. ಅತ್ತೆಯವರು ಮೊದಲೇ ಹೇಳಿಕೊಟ್ಟಿದ್ದರು, ನನಗೆ ಕಷ್ಟವೇನೂ ಆಗಲಿಲ್ಲ. ಮಾವನವರು ಪಕ್ಕದಲ್ಲೇ ಕೂತು ಟವೆಲ್ಲಿನ ಅಂಚಿನ ಎಳೆ ಎಣಿಸುತ್ತಿದ್ದರು.

ಊಟ ಮಹೇಶನ ಹೋಟೆಲ್ಲಿನಲ್ಲಿ. ಮೆಟ್ಟಿಲ ಬುಡದಲ್ಲಿ ಅತ್ತೆಯವರು ಗಂಡನ ಹೆಗಲಿಂದ ಟವೆಲ್ ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು. "ಒಂದು ಮಾತಾಡಿದ್ರೆ ನೋಡ್ರಿ. ಮಗಳ ಬಾಳು ಇದು." ಮಾವನವರು ಆಡಲಿಲ್ಲ. ಸೂಪು ಕುಡಿದರು. ಎಳೆ ಎಳೆಯದೆ ನೂಡಲ್ಸ್ ತಿಂದರು. ಮಹೇಶ ಬಂದು, "ಹೆಂಗೈತೆ ರೀ ಹಿರಿಯರೇ?" ಎಂದ. ಅತ್ತೆಯವರು ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಚೆನ್ನಾಗೈತೆ," ಎಂದರು ಮಾವನವರು.

ಸಂಬಂಧ ಗಟ್ಟಿಯಾಯಿತೆಂದು ಅತ್ತೆಯವರು ಆ ರಾತ್ರಿ ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ಮಾವನವರು ತಿಂಡಿಗೆ ಕೂರಲಿಲ್ಲ. ಅಂಗಳದಲ್ಲಿ ನಿಂತು, "ಅಳಿಯಂದ್ರೇ, ಒಂದಿಷ್ಟು ಬರ್ತೀರಾ ನನ್ ಜೊತೆಗೆ," ಎಂದರು. ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: "ಇಷ್ಟು ವರ್ಷದಾಗೆ ಹಿಂಬದಿ ತೋರಿಸದೆ ಒಂದು ಸೀರೆ ಕೊಟ್ಟಿಲ್ಲ ರೀ. ನಿನ್ನೆ ಕೊಟ್ಟಂಗಾತು." ಅವರ ಮುಖದಲ್ಲಿ ಕಂಡದ್ದು ನಾಚಿಕೆ. ನಾನು ಅವರ ಪಕ್ಕದಲ್ಲಿ ಎಷ್ಟೋ ಸಲ ನಾಚಿದ್ದೆ. ಅವರು ನಾಚಿದ್ದನ್ನು ಮಾತ್ರ ಅಂದೇ ನೋಡಿದ್ದು.

ಮಹೇಶ ಗಲ್ಲಾದ ಹತ್ತಿರ ಊದುಬತ್ತಿ ಹಚ್ಚುತ್ತಿದ್ದ.

"ತಮ್ಮಾ, ನಿನ್ನೆ ನಾನು ಸುಳ್ಳು ಹೇಳಿದೆ," ಎಂದರು ಮಾವನವರು. "ನೂಡಲ್ಸ್ ಮುದ್ದೆ ಆಗಿತ್ತು. ಸೂಪು ಗಂಜಿ. ಗೋಬಿ ಒಳಗೆ ಬೆಂದೇ ಇರಲಿಲ್ಲ. ಬೇಜಾರು ಮಾಡ್ಕಬ್ಯಾಡ."

ಮಹೇಶ ನಕ್ಕ. ನಿಜವಾಗಿಯೂ ಒಳ್ಳೆಯ ಮನುಷ್ಯ. "ಊಟದ್ದು ಹೋಗ್ಲಿ ಬಿಡ್ರಿ. ಹುಡುಗಿ ವಿಷಯದಾಗೂ ಹಿಂಗೇನಾರ ಹೇಳಿದ್ರಾ ಮತ್ತೆ?"

ತಮಾಷೆಗೆ ಕೇಳಿದ್ದು. ಗುಮಾಸ್ತನ ಧರ್ಮವೆಂದು ನಾನೂ ಜೋರಾಗಿ ನಕ್ಕೆ. ಮಾವನವರು ನಗಲಿಲ್ಲ.

"ಪಿಯುಸಿ ಪಾಸಾಗಿಲ್ಲಪ್ಪ. ಇಂಗ್ಲಿಷ್‌ನಾಗೆ ಹೋಯ್ತು, ತಿರುಗಿ ಕಟ್ಟಲಿಲ್ಲ. ಸಿಟ್ಟು ಜಾಸ್ತಿ. ಸಿಟ್ಟು ಬಂದ್ರೆ ಉಣ್ಣಲ್ಲ. ಲೆಕ್ಕ ಚೆನ್ನಾಗೈತೆ, ಅಂಗಡೀಲಿ ಕೂತ್ರೆ ನನಗಿಂತ ಜಾಣೆ. ಮನಸಿನಾಗೆ ಏನೂ ಇಟ್ಕಳಲ್ಲ."

ಮಹೇಶನ ನಗು ಊದುಬತ್ತಿಯ ಜೊತೆ ಅರ್ಧಕ್ಕೆ ನಿಂತಿತು. "ಪಾಸು ಅಂದವರು ಯಾರು ನಿನ್ನೆ?" ಎನ್ನುತ್ತ ನನ್ನ ಕಡೆ ತಿರುಗಿದ. ಹುಡುಕುವುದಕ್ಕೆ ಅಲ್ಲಿ ಮೇಜೂ ಇರಲಿಲ್ಲ, ಚಮಚವೂ ಇರಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಕಿವಿ ಎಷ್ಟು ಕೆಂಪಾಗಿತ್ತೆಂದರೆ, ಯಾರಾದರೂ ಒದ್ದೆ ಬಟ್ಟೆಯಿಂದ ಉಜ್ಜಿದ್ದರೆ ಖಂಡಿತ ಬಣ್ಣ ಬಿಡುತ್ತಿತ್ತು.

ಜಾತಕ ಕೂಡಲಿಲ್ಲವೆಂದು ಕೆಲವು ದಿನಗಳಲ್ಲಿ ಸುದ್ದಿ ಬಂತು. ಅವರೂ ಪಾಪ, ಮುಂಬದಿ ತೋರಿಸಿ ಗೌರವ ಉಳಿಸಿದರು. ಅತ್ತೆಯವರು ಗಂಡನೊಡನೆ ಮಾತು ಬಿಟ್ಟರು. ಶೈಲಾ ತನ್ನ ಪದ್ಧತಿಯಂತೆ ಊಟ ಬಿಟ್ಟಳು. ಮಾರನೆಯ ದಿನ ಅಪ್ಪನ ಎದುರು ಬಂದು ನಿಂತು ಕೇಳಿದಳಂತೆ.

"ಅಪ್ಪಾಜಿ, ಅಷ್ಟು ಕೆಟ್ಟಿತ್ತಾ ಆ ನೂಡಲ್ಸು?"

"ಕೆಟ್ಟಿತ್ತವ್ವ."

"ಹಂಗಾದ್ರೆ ಸರಿ," ಎಂದು ತಟ್ಟೆ ಹಾಕಿಕೊಂಡು ಕೂತಳಂತೆ.

ಆಮೇಲೆ ಬಂದ ಸಂಬಂಧಗಳಿಗೆಲ್ಲ ಮಾವನವರು ಬಾಗಿಲಲ್ಲೇ ಇದ್ದದ್ದು ಇದ್ದಂತೆ ಹೇಳಿದರು. ಬಂದವರು ಉಪ್ಪಿಟ್ಟು ತಿಂದು, ವಿಷಯ ತಿಳಿಸುತ್ತೇವೆಂದು ಹೋದರು. ಶೈಲಾ ಅಂಗಡಿಯಲ್ಲಿ ಕೂತಳು, ಕ್ರಮೇಣ ಅಂಗಡಿ ಅವಳದೇ ಆಯಿತು. ಅವಳು ಗೊಣಗಿದ್ದನ್ನು ನಾನು ಕೇಳಿಲ್ಲ. ಅವಳ ಪಾಲಿನದನ್ನೂ ಅತ್ತೆಯವರೇ ಗೊಣಗುತ್ತಿದ್ದರು. ಮಾವನವರು ಚೈನೀಸ್ ಹೋಟೆಲ್ಲಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಮನೆಯಲ್ಲೂ ಸಾರು ಹೇಗಿದೆಯೆಂದು ಯಾರಾದರೂ ಕೇಳಿದರೆ, ಕಿವಿ ಕೇಳದವರಂತೆ ಉಣ್ಣುತ್ತಿದ್ದರು.

ಕಡೆಯ ಸಲ ಅವರನ್ನು ನೋಡಿದ್ದು ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ. ಆಗಲೇ ತುಂಬ ಇಳಿದುಹೋಗಿದ್ದರು. ಬೇಡವೆಂದರೂ ಕೇಳದೆ ನನ್ನನ್ನು ಬಸ್ ಹತ್ತಿಸಲು ಬಂದಿದ್ದರು. ಕಿಟಕಿಯ ಸರಳು ಹಿಡಿದು ನಿಂತು, ಡ್ರೈವರು ಹತ್ತಿ ಕೂತ ಮೇಲೆ ಕೇಳಿದರು.

"ಅಳಿಯಂದ್ರೇ, ಅವತ್ತು ನಾನು ಮಾಡಿದ್ದು ತಪ್ಪಾ? ಮಗು ಬಾಳು ಕೆಡಿಸಿದ್ನಾ?"

ಅವತ್ತು ಆ ಮಹಡಿಯಿಂದ ತಲೆ ತಗ್ಗಿಸಿ ಇಳಿದವನು ನಾನು. ಆದರೆ ವರ್ಷ ಕಳೆದಂತೆ ನನ್ನ ನಾಚಿಕೆ ಬೇರೆಯದಕ್ಕೆ ತಿರುಗಿತ್ತು. ಅಂಥ ಒಂದು ಮಾತು ನನ್ನ ಬಾಯಿಂದ ಎಂದೂ ಬಂದಿರಲಿಲ್ಲವಲ್ಲ ಎಂದು.

"ಇಲ್ಲ ಮಾವ. ಸರಿಯಾಗೇ ಮಾಡಿದ್ರಿ."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕು, ಸರಳಿನ ಮೇಲಿದ್ದ ನನ್ನ ಕೈ ತಟ್ಟಿದರು. "ನನ್ ಸಮಾಧಾನಕ್ಕೆ ಹೇಳ್ತೀರಿ. ಮಂಡೀಲಿ ಇದ್ದೂ ಇದ್ದೂ ರೂಢಿ ಆಗೈತೆ ನಿಮಗೆ."

ಬಸ್ಸು ಹೊರಟಿತು. "ನಿಜ ಮಾವ," ಎಂದು ಕಿಟಕಿಯಿಂದ ಕೂಗಿದೆ. ಅವರು ಆಯ್ತು, ಹೋಗಿ ಬರ್ರಿ ಎನ್ನುವಂತೆ ಕೈಯಾಡಿಸಿದರು. ಮುಂದಿನ ತಿಂಗಳು ತೀರಿಹೋದರು. ಅವರಿಗೆ ನಾನು ಹೇಳಿದ ಮಾತುಗಳಲ್ಲಿ ಅದೊಂದೇ ಮನಸ್ಸಿನಿಂದ ಬಂದದ್ದು, ಅದನ್ನೇ ಅವರು ನಂಬಲಿಲ್ಲ. ಅವರನ್ನು ದೂರುವಂತಿಲ್ಲ.